ಮಾರ್ವೆಲ್ ಸ್ಪೈಡರ್‌ಮ್ಯಾನ್‌ನನ್ನು ಮಾರದೇ ಇದ್ದಿದ್ದರೆ?

ಪ್ರಶ್ನೆ: ಕಾಮಿಕ್ಸ್ ಕಂಪನಿ ಮಾರ್ವೆಲ್‌ನವರು ದುಡುಕಿ ಸ್ಪೈಡರ್‌ಮ್ಯಾನ್, ಎಕ್ಸ್‌ಮೆನ್ ಸಿನಿಮಾ ಹಕ್ಕುಗಳನ್ನು ಬೇರೆ ಸ್ಟುಡಿಯೋಗಳಿಗೆ ಮಾರಿಬಿಟ್ಟರು. ಮಾರದೇ ಇದ್ದಿದ್ದರೆ ಹೀರೋಗಳೆಲ್ಲ ಒಟ್ಟಿಗೆ ಬರುವ ಅವೆಂಜರ್ಸ್ ಥರದ ಸಿನಿಮಾ ಹತ್ತು ವರ್ಷ ಮೊದಲೇ, ಇನ್ನೂ ಚೆನ್ನಾಗಿ ಬರುತ್ತಿತ್ತು ಅಲ್ವಾ?

ಉತ್ತರ: ಇಲ್ಲ. ಬರುತ್ತಿರಲಿಲ್ಲ.

ಹೊಸ ಸೂಪರ್‌ಹೀರೋ ಸಿನಿಮಾ ಬಂದಾಗಲೆಲ್ಲ ಈ ಪ್ರಶ್ನೆಯೂ ಬರುತ್ತದೆ. ಕೇಳುವವರು ಬೇರೆ ಬೇರೆ, ಆದರೆ 'ದುಡುಕಿ' ಅನ್ನುವ ಪದ ಮಾತ್ರ ಎಲ್ಲರ ಬಾಯಲ್ಲೂ ಒಂದೇ. ಎರಡು ಸಾಲಿನ ಉತ್ತರ ಬರೆದು ಬರೆದು ಸಾಕಾಗಿದೆ. ಈ ಸಲ ಪೂರ್ತಿ ಬರೆದುಬಿಡುತ್ತೇನೆ.

'ಹೀಗಾಗಿದ್ದರೆ' ಅನ್ನುವ ಆಟ ನನಗೂ ಇಷ್ಟವೇ. ಅತ್ತೆಗೆ ಮೀಸೆ ಬಂದರೆ ಚಿಕ್ಕಪ್ಪ ಅನ್ನಬಹುದು ಅಂತ ಗೇಲಿ ಮಾಡಿ ಸುಮ್ಮನಾಗುವವನು ನಾನಲ್ಲ. ಆದರೆ ಆಟಕ್ಕೊಂದು ನಿಯಮ ಇರಬೇಕು. ಹಳೆಯ ಸಂಗತಿ ಒಂದನ್ನು ಬದಲಾಯಿಸಿದರೆ, ಅದನ್ನು ನೆಚ್ಚಿಕೊಂಡು ನಡೆದಿದ್ದೆಲ್ಲ ಬದಲಾಗಬೇಕು. ಹಕ್ಕು ಮಾರಲಿಲ್ಲ ಅಂತ ಇಟ್ಟುಕೊಳ್ಳಿ, ಪರವಾಗಿಲ್ಲ. ಆದರೆ ಆ ಮಾರಾಟದಿಂದ ಮಾರ್ವೆಲ್‌ಗೆ ಸಿಕ್ಕ ಹೆಸರು, ಸಾಲ, ಜನ ಎಲ್ಲ ಹಾಗೇ ಇರಲಿ ಅಂದರೆ ಹೇಗೆ?

ಮೊದಲು ಈ 'ದುಡುಕಿ'ಯನ್ನು ವಿಚಾರಿಸಿಕೊಳ್ಳೋಣ. ರಾನ್ ಪೆರೆಲ್‌ಮನ್ ಅನ್ನುವ ಉದ್ಯಮಿ 1989ರಲ್ಲಿ ಮಾರ್ವೆಲ್ ಕೊಂಡಾಗ ಕಾಮಿಕ್ಸ್ ಮಾರುಕಟ್ಟೆ ಉಬ್ಬುತ್ತಿತ್ತು. ಓದುವುದಕ್ಕಿಂತ ಕೂಡಿಡುವುದಕ್ಕೇ ಕೊಳ್ಳುವವರು ಜಾಸ್ತಿಯಾಗಿದ್ದರು, ಮುಂದೆ ಬೆಲೆ ಏರುತ್ತದೆ ಅನ್ನುವ ಲೆಕ್ಕ. 1991ರ 'ಎಕ್ಸ್‌ಮೆನ್' ಮೊದಲ ಸಂಚಿಕೆಗೆ ಐದು ಬಗೆಯ ಮುಖಪುಟ ಹಾಕಿದರು. ಐದೂ ಬೇಕು ಅಂತ ಕೊಂಡವರು ಎಷ್ಟೋ ಜನ. 80 ಲಕ್ಷಕ್ಕೂ ಜಾಸ್ತಿ ಪ್ರತಿ ಹೋದವು. ಎಲ್ಲರ ಬೀರುವಿನಲ್ಲೂ ಇರುವ ವಸ್ತುವಿಗೆ ಬೆಲೆ ಎಲ್ಲಿಂದ ಬರಬೇಕು? ಉಬ್ಬಿದ್ದು ಒಡೆಯಿತು. ಅಷ್ಟರಲ್ಲಿ ಕಂಪನಿ ಸಾಲ ಮಾಡಿ ಆಟಗಾರರ ಕಾರ್ಡ್ ಮಾರುವ ಕಂಪನಿಗಳನ್ನೂ ಕೊಂಡಿತ್ತು. 1994ರಲ್ಲಿ ಬೇಸ್‌ಬಾಲ್ ಆಟಗಾರರು ಮುಷ್ಕರ ಹೂಡಿದ್ದರಿಂದ ಅದೂ ನೆಲ ಕಚ್ಚಿತು. 1993ರಲ್ಲಿ 35 ಡಾಲರ್ ದಾಟಿದ್ದ ಷೇರು ಮೂರು ವರ್ಷದಲ್ಲಿ ಎರಡು ಚಿಲ್ಲರೆ ಡಾಲರ್‌ಗೆ ಬಂತು. 1996ರ ಡಿಸೆಂಬರ್‌ನಲ್ಲಿ ಮಾರ್ವೆಲ್ ದಿವಾಳಿ ಅರ್ಜಿ ಹಾಕಿತು.

ಆಮೇಲೆ ಪೆರೆಲ್‌ಮನ್‌ಗೂ ಹೂಡಿಕೆದಾರ ಕಾರ್ಲ್ ಐಕಾನ್‌ಗೂ ಕೋರ್ಟಿನಲ್ಲಿ ಜಟಾಪಟಿ. ಕೊನೆಗೆ 1998ರಲ್ಲಿ ಕಂಪನಿ ಸಿಕ್ಕಿದ್ದು ಅವರಿಬ್ಬರಿಗೂ ಅಲ್ಲ, ಟಾಯ್ ಬಿಜ್ ಅನ್ನುವ ಆಟಿಕೆ ಕಂಪನಿಯ ಐಕ್ ಪರ್ಲ್‌ಮಟರ್ ಮತ್ತು ಆವಿ ಅರಾಡ್ ಕೈಗೆ. ಸ್ಪೈಡರ್‌ಮ್ಯಾನ್ ಹಕ್ಕನ್ನು ಸೋನಿ ಸ್ಟುಡಿಯೋಗೆ ಮಾರಿದ್ದು ಇಂಥ ಹೊತ್ತಿನಲ್ಲಿ. ಮನೆ ಹರಾಜಿಗೆ ಬಂದಾಗ ಒಡವೆ ಮಾರಿದವರಿಗೆ 'ಇವತ್ತಿನ ಚಿನ್ನದ ರೇಟು ನೋಡಿ' ಅಂತ ಬುದ್ಧಿ ಹೇಳಿದರೆ ಏನು ಪ್ರಯೋಜನ?

ಸರಿ, ಕಷ್ಟದಲ್ಲೂ ಹಲ್ಲು ಕಚ್ಚಿಕೊಂಡು ಸ್ಪೈಡರ್‌ಮ್ಯಾನ್‌ನನ್ನು ಇಟ್ಟುಕೊಳ್ಳಬಹುದಿತ್ತಲ್ಲ ಅಂತೀರಿ. ಇಟ್ಟುಕೊಳ್ಳುವುದಕ್ಕೆ ಅವನು ಇವರ ಕೈಯಲ್ಲಿದ್ದರೆ ತಾನೆ? 1985ರಲ್ಲೇ ಸಿನಿಮಾ ಹಕ್ಕು ಕ್ಯಾನನ್ ಫಿಲ್ಮ್ಸ್‌ಗೆ ಹೋಗಿತ್ತು, ಬರೀ 2.25 ಲಕ್ಷ ಡಾಲರ್‌ಗೆ. ಕ್ಯಾನನ್ ನಡೆಸುತ್ತಿದ್ದ ಮೆನಾಹೆಮ್ ಗೋಲನ್‌ಗೆ ಸ್ಪೈಡರ್‌ಮ್ಯಾನ್ ಯಾರು ಅಂತಲೇ ಸರಿಯಾಗಿ ಗೊತ್ತಿರಲಿಲ್ಲ. ಅವರು ಬರೆಸಿದ ಮೊದಲ ಕಥೆಯಲ್ಲಿ ಪಾಪದ ಹುಡುಗ ಮೈತುಂಬ ಕೂದಲಿರುವ ಎಂಟು ತೋಳಿನ ರಾಕ್ಷಸ ಆಗುತ್ತಾನೆ! ಕ್ಯಾನನ್ ಬಿಟ್ಟು ಹೊರಟಾಗ ಗೋಲನ್ ಆ ಹಕ್ಕನ್ನೂ ಜೊತೆಗೆ ಒಯ್ದರು. ಆಮೇಲೆ ಟಿವಿ ಹಕ್ಕು ವಯಾಕಾಮ್‌ಗೆ, ಮನೆ ವೀಡಿಯೊ ಹಕ್ಕು ಕೊಲಂಬಿಯಾಗೆ, ಥಿಯೇಟರ್ ಹಕ್ಕು ಕ್ಯಾರೊಲ್ಕೊ ಅನ್ನುವ ಸಿನಿಮಾ ಕಂಪನಿಗೆ, ಹೀಗೆ ಹರಿದು ಹಂಚಿದರು. ಕ್ಯಾರೊಲ್ಕೊಗಾಗಿ ಜೇಮ್ಸ್ ಕ್ಯಾಮರೂನ್ ಕಥೆ ಬರೆದರು. ಕೈಯಿಂದಲೇ ಬಲೆ ಚಿಮ್ಮುವ ಐಡಿಯಾ ಅವರದ್ದೇ, 2002ರ ಸಿನಿಮಾದಲ್ಲಿ ಉಳಿದುಕೊಂಡದ್ದೂ ಅದೇ. ಆದರೆ ಅವರ ಸಿನಿಮಾ ಶುರುವಾಗಲಿಲ್ಲ, ಕೇಸುಗಳು ಶುರುವಾದವು. 1996 ಮುಗಿಯುವ ಹೊತ್ತಿಗೆ ಗೋಲನ್ ಕಂಪನಿ, ಕ್ಯಾರೊಲ್ಕೊ, ಮಾರ್ವೆಲ್, ಮೂರೂ ದಿವಾಳಿ.

ಈ ಗಂಟು ಪೂರ್ತಿ ಬಿಡಿಸಿಕೊಂಡದ್ದು 1999ರಲ್ಲಿ. ಅದೂ ಜೇಮ್ಸ್ ಬಾಂಡ್‌ನನ್ನು ನಡುವೆ ಇಟ್ಟುಕೊಂಡು. ಬಾಂಡ್ ಸಿನಿಮಾ ನಾವೂ ಮಾಡಬಹುದು ಅಂತ ಸೋನಿ ಹೇಳುತ್ತಿತ್ತು, ಸ್ಪೈಡರ್‌ಮ್ಯಾನ್ ನಮ್ಮದೂ ಹೌದು ಅಂತ ಬಾಂಡ್ ಸಿನಿಮಾಗಳ ಸ್ಟುಡಿಯೋ ಎಂಜಿಎಂ ಹೇಳುತ್ತಿತ್ತು. ಅವನನ್ನು ನೀವಿಟ್ಟುಕೊಳ್ಳಿ, ಇವನನ್ನು ನಾವಿಟ್ಟುಕೊಳ್ಳುತ್ತೇವೆ ಅಂತ ರಾಜಿ ಆಯಿತು. ಇಷ್ಟೆಲ್ಲ ರಗಳೆ ಬಿಡಿಸುವುದಕ್ಕೆ ದೊಡ್ಡ ಸ್ಟುಡಿಯೋದ ವಕೀಲರು ಬೇಕಿತ್ತು. ಆಗಷ್ಟೇ ದಿವಾಳಿಯಿಂದ ಎದ್ದ ಆಟಿಕೆ ಕಂಪನಿಗೆ ಅದು ಆಗುವ ಕೆಲಸವೇ?

ನಿಜವಾದ 'ಹೀಗಾಗಿದ್ದರೆ' ಇರುವುದು 1998ರಲ್ಲಿ, ಅದನ್ನು ಮಾತ್ರ ಯಾರೂ ಕೇಳುವುದಿಲ್ಲ. ಸೋನಿಯವರು ಸ್ಪೈಡರ್‌ಮ್ಯಾನ್‌ಗಾಗಿ ಮಾತಿಗೆ ಕೂತಾಗ ಮಾರ್ವೆಲ್, ತನ್ನ ಬಳಿ ಉಳಿದಿದ್ದ ಪಾತ್ರಗಳಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ 2.5 ಕೋಟಿ ಡಾಲರ್‌ಗೆ ಕೊಡುತ್ತೇವೆ ಅಂದಿತ್ತು ಅಂತ ಆಮೇಲೆ ವರದಿಯಾಯಿತು. ಥಾರ್, ಆ್ಯಂಟ್‌ಮ್ಯಾನ್, ಬ್ಲ್ಯಾಕ್ ಪ್ಯಾಂಥರ್ ಎಲ್ಲ ಆ ಮೂಟೆಯಲ್ಲಿದ್ದರು. ಸೋನಿ ಬೇಡ ಅಂದಿತು. ಸ್ಪೈಡರ್‌ಮ್ಯಾನ್ ಒಬ್ಬನೇ ಸಾಕು ಅಂತ ಸುಮಾರು 1 ಕೋಟಿ ಡಾಲರ್, ಜೊತೆಗೆ ಗಳಿಕೆಯಲ್ಲಿ ಸಣ್ಣ ಪಾಲು ಅಂತ ವ್ಯವಹಾರ ಮುಗಿಸಿತು. ಅವತ್ತು ಸೋನಿ ಹೂಂ ಅಂದಿದ್ದರೆ ಇವತ್ತು ನಾವು ನೋಡುತ್ತಿರುವ ಯಾವುದೂ ಇರುತ್ತಿರಲಿಲ್ಲ. ದುಡುಕಿದವರು ಯಾರು, ಬಚಾವಾದವರು ಯಾರು ಅಂತ ಈಗ ನೀವೇ ಹೇಳಿ.

ಇನ್ನು ಈ ಕಥೆಯ ಬೇರಿಗೇ ಬರೋಣ. ಎಲ್ಲ ಪಾತ್ರಗಳೂ ಒಂದೇ ಮನೆಯಲ್ಲಿದ್ದರೆ ಅವು ಒಟ್ಟಿಗೆ ಬರುವ ಸಿನಿಮಾ ತಾನಾಗಿಯೇ ಆಗುತ್ತದೆ ಅನ್ನುವ ನಂಬಿಕೆ ಅದು. ಮಾರ್ವೆಲ್‌ನ ಪ್ರತಿಸ್ಪರ್ಧಿ ಡಿಸಿ ನೋಡಿ. ಡಿಸಿ ಕಾಮಿಕ್ಸ್ ಮತ್ತು ವಾರ್ನರ್ ಬ್ರದರ್ಸ್ 1969ರಿಂದ ಒಂದೇ ಸೂರಿನ ಕೆಳಗಿವೆ. ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್, ವಂಡರ್ ವುಮನ್, ಎಲ್ಲರೂ ಒಬ್ಬರದ್ದೇ. 1978ರಲ್ಲಿ ಸೂಪರ್‌ಮ್ಯಾನ್ ಗೆದ್ದ, 1989ರಲ್ಲಿ ಬ್ಯಾಟ್‌ಮ್ಯಾನ್ ಗೆದ್ದ. ನಟರು ವೇಷ ಹಾಕಿ ಅಭಿನಯಿಸುವ ಸಿನಿಮಾದಲ್ಲಿ ಇವರಿಬ್ಬರೂ ಎದುರುಬದುರಾದದ್ದು ಯಾವಾಗ? 2016ರಲ್ಲಿ. ನಲವತ್ತೇಳು ವರ್ಷ! ಹಕ್ಕಿನ ತೊಡಕಿಲ್ಲ, ದುಡ್ಡಿನ ಬರ ಇಲ್ಲ. ಹಾಗಿದ್ದೂ ಆಗಲಿಲ್ಲ, ಯಾಕೆಂದರೆ ಆಗಬೇಕಾದ ಅಗತ್ಯವೇ ಇರಲಿಲ್ಲ. ಬ್ಯಾಟ್‌ಮ್ಯಾನ್ ಒಬ್ಬನೇ ಥಿಯೇಟರ್ ತುಂಬಿಸುತ್ತಿರುವಾಗ ಇನ್ನೊಬ್ಬನನ್ನು ತಂದು ಯಾಕೆ ಪಕ್ಕಕ್ಕೆ ನಿಲ್ಲಿಸಬೇಕು?

ಮಾರ್ವೆಲ್ ಕೈಯಲ್ಲಿ ಸ್ಪೈಡರ್‌ಮ್ಯಾನ್ ಇದ್ದಿದ್ದರೆ ಅವರೂ ಅದನ್ನೇ ಮಾಡುತ್ತಿದ್ದರು ಅನ್ನುವುದು ನನ್ನ ಲೆಕ್ಕ. ಒಂದನೇ ಭಾಗ, ಎರಡನೇ ಭಾಗ, ಮೂರನೇ ಭಾಗ. ಪಾತ್ರಗಳನ್ನು ಒಂದಕ್ಕೊಂದು ಹೆಣೆಯುವ ಉಪಾಯ ಹೊಳೆಯುವುದು ಒಬ್ಬೊಬ್ಬರೇ ಓಡಲಾರದ ಪಾತ್ರಗಳು ಉಳಿದವರಿಗೆ.

ಅದಕ್ಕೆ ದುಡ್ಡು ಹೇಗೆ ಬಂತು ಅನ್ನುವುದಂತೂ ಇನ್ನೂ ಚೆಂದದ ಕಥೆ. ಹಕ್ಕು ಮಾರಿದ್ದರಿಂದ ಮಾರ್ವೆಲ್‌ಗೆ ಸಿಕ್ಕಿದ್ದು ಕಡಿಮೆ, ನಿಜ. 1998ರ 'ಬ್ಲೇಡ್' 13 ಕೋಟಿ ಡಾಲರ್ ಗಳಿಸಿದರೆ ಮಾರ್ವೆಲ್‌ಗೆ ಬಂದದ್ದು 25 ಸಾವಿರ ಡಾಲರ್ ಅಂತ ಹೇಳುತ್ತಾರೆ. ಆದರೆ 2000ದ 'ಎಕ್ಸ್‌ಮೆನ್', 2002ರ 'ಸ್ಪೈಡರ್‌ಮ್ಯಾನ್' ಓಡಿದ್ದು ಬೇರೆಯವರ ದುಡ್ಡಿನಲ್ಲಿ, ಬೇರೆಯವರ ರಿಸ್ಕಿನಲ್ಲಿ. ಸ್ಪೈಡರ್‌ಮ್ಯಾನ್ ಅಮೆರಿಕದಲ್ಲಿ ಮೊದಲ ವಾರಾಂತ್ಯಕ್ಕೇ 11 ಕೋಟಿ ಡಾಲರ್ ದಾಟಿತು. ಅಲ್ಲಿಯವರೆಗೆ ಯಾವ ಸಿನಿಮಾವೂ ಮೂರು ದಿನದಲ್ಲಿ 10 ಕೋಟಿ ಮುಟ್ಟಿರಲಿಲ್ಲ. ಈ ಜಾಹೀರಾತಿಗೆ ಮಾರ್ವೆಲ್ ಒಂದು ಕಾಸೂ ಖರ್ಚು ಮಾಡಿರಲಿಲ್ಲ.

2005ರಲ್ಲಿ ಡೇವಿಡ್ ಮೈಸೆಲ್ ಅನ್ನುವವರ ಯೋಜನೆಯಂತೆ ಮಾರ್ವೆಲ್ ಸ್ವಂತ ಸಿನಿಮಾ ಮಾಡುವುದಕ್ಕೆ ಮೆರಿಲ್ ಲಿಂಚ್ ಬ್ಯಾಂಕ್ 52.5 ಕೋಟಿ ಡಾಲರ್ ಸಾಲದ ವ್ಯವಸ್ಥೆ ಮಾಡಿತು. ಅಡವಿಟ್ಟದ್ದು ಕಟ್ಟಡ ಅಲ್ಲ, ಜಮೀನಲ್ಲ, ಹತ್ತು ಪಾತ್ರಗಳ ಸಿನಿಮಾ ಹಕ್ಕು. ಕ್ಯಾಪ್ಟನ್ ಅಮೆರಿಕ, ಅವೆಂಜರ್ಸ್, ಡಾಕ್ಟರ್ ಸ್ಟ್ರೇಂಜ್, ಬ್ಲ್ಯಾಕ್ ಪ್ಯಾಂಥರ್, ಶಾಂಗ್ ಚಿ ಇತ್ಯಾದಿ. ಸಿನಿಮಾ ತೋಪಾದರೆ ಪಾತ್ರಗಳು ಬ್ಯಾಂಕಿನವರ ಪಾಲು. ಸ್ಪೈಡರ್‌ಮ್ಯಾನ್ ಕೈಯಲ್ಲಿದ್ದಿದ್ದರೆ ಅವನನ್ನು ಹೀಗೆ ಅಡವಿಡುವ ಧೈರ್ಯ ಯಾರಿಗಿರುತ್ತಿತ್ತು? ಇತ್ತ ಅವನ ಸಿನಿಮಾ ಗೆದ್ದಿರದಿದ್ದರೆ ಉಳಿದವರ ಮೇಲೆ ಸಾಲ ಕೊಡುವ ಬ್ಯಾಂಕ್ ಎಲ್ಲಿತ್ತು? ಎರಡೂ ಕಡೆಯಿಂದ ನೋಡಿದರೂ ಆ ಮಾರಾಟ ಬೇಕೇ ಬೇಕಿತ್ತು.

ಜನರ ವಿಷಯವೂ ಇದೆ. ಇವತ್ತು ಮಾರ್ವೆಲ್ ಸ್ಟುಡಿಯೋಸ್ ನಡೆಸುವ ಕೆವಿನ್ ಫೈಗಿ ಎಲ್ಲಿಂದ ಬಂದವರು? ಫಾಕ್ಸ್ ಸ್ಟುಡಿಯೋದ 'ಎಕ್ಸ್‌ಮೆನ್' ಸೆಟ್‌ನಿಂದ. ಆ ಸಿನಿಮಾದ ನಿರ್ಮಾಪಕಿ ಲಾರೆನ್ ಶುಲರ್ ಡಾನರ್ ಕೈಕೆಳಗೆ ಕೆಲಸ ಮಾಡುತ್ತಿದ್ದ ಹುಡುಗ ಅವರು. ಎಕ್ಸ್‌ಮೆನ್‌ನ ಹೀರೋ ವುಲ್ವರಿನ್ ಕೂದಲಿನ ಕಥೆ ಕೇಳಿರಬಹುದು. ಕಾಮಿಕ್ಸ್‌ನಲ್ಲಿದ್ದ ಹಾಗೆ ಎರಡು ಕಡೆ ಕೊಂಬಿನಂತೆ ಎದ್ದು ನಿಲ್ಲಬೇಕು ಅಂತ ಫೈಗಿ ಹಿಂದೆ ಬಿದ್ದರಂತೆ. ಇನ್ನೂ ಎತ್ತಿ, ಇನ್ನೂ ಎತ್ತಿ ಅಂತ ಕಾಟ ತಾಳಲಾರದೆ ಕೂದಲು ಬಾಚುವವರು ಸಿಟ್ಟಿಗೆದ್ದು ತೀರಾ ಅತಿ ಅನ್ನಿಸುವಷ್ಟು ಎತ್ತಿ ನಿಲ್ಲಿಸಿದರಂತೆ. ಸಿನಿಮಾದಲ್ಲಿ ಹ್ಯೂ ಜಾಕ್‌ಮನ್ ತಲೆಯ ಮೇಲೆ ಇರುವುದು ಅದೇ. ಅದಾದ ಮೇಲೆ ಅರಾಡ್ ಫೈಗಿಯನ್ನು ಮಾರ್ವೆಲ್‌ಗೆ ಕರೆದುಕೊಂಡರು. ಎಕ್ಸ್‌ಮೆನ್ ಹಕ್ಕು ಫಾಕ್ಸ್‌ಗೆ ಹೋಗದಿದ್ದರೆ ಫೈಗಿ ಈ ಬಾಗಿಲಿಗೆ ಬರುತ್ತಿದ್ದದ್ದು ಅನುಮಾನ.

ಮಾರ್ವೆಲ್ ಸ್ವಂತವಾಗಿ ಮಾಡಿದ ಮೊದಲ ಸಿನಿಮಾಕ್ಕೆ ಐರನ್ ಮ್ಯಾನ್ ಯಾಕೆ ಅಂತಲೂ ಕೇಳುತ್ತಾರೆ. ಬೇರೆ ಸ್ಟುಡಿಯೋಗಳಲ್ಲಿ ವರ್ಷಗಟ್ಟಲೆ ಧೂಳು ತಿಂದು ಆ ಹಕ್ಕು 2005ರ ಕೊನೆಗೆ ಮರಳಿ ಬಂದಿತ್ತು. ಮಕ್ಕಳನ್ನು ಕೂರಿಸಿ, ಹೀರೋಗಳ ಚಿತ್ರ ತೋರಿಸಿ, ಇವರಲ್ಲಿ ಯಾರ ಗೊಂಬೆ ಜೊತೆ ಆಡಲು ಇಷ್ಟ ಅಂತ ಕೇಳಿದರಂತೆ. ಮಕ್ಕಳು ಐರನ್ ಮ್ಯಾನ್ ಅಂದರು. ಆಟಿಕೆ ಕಂಪನಿಯವರ ಬುದ್ಧಿ, ಇನ್ನೇನು! ಚಿತ್ರೀಕರಣ ಶುರುವಾದಾಗ ಸ್ಕ್ರಿಪ್ಟೇ ಪೂರ್ತಿ ಇರಲಿಲ್ಲ, ಎಷ್ಟೋ ಮಾತುಗಳನ್ನು ಅವತ್ತವತ್ತೇ ಕೂತು ಕಟ್ಟಿದರು. 2008ರ ಮೇ ತಿಂಗಳಲ್ಲಿ ಬಿಡುಗಡೆಯಾಗಿ 58 ಕೋಟಿ ಡಾಲರ್ ಬಾಚಿತು. ಮರುವರ್ಷ ಡಿಸ್ನಿ ಸುಮಾರು 400 ಕೋಟಿ ಡಾಲರ್‌ಗೆ ಕಂಪನಿಯನ್ನೇ ಕೊಂಡಿತು.

ಯಾರೂ ಕೇಳದ ಪ್ರಶ್ನೆಯೊಂದಿದೆ, ನಾನೇ ಕೇಳಿಕೊಳ್ಳುತ್ತೇನೆ. ಡಿಸಿಯವರು ಮಾರ್ವೆಲ್‌ಗಿಂತ ಮೊದಲೇ ಹೀರೋಗಳನ್ನೆಲ್ಲ ಸೇರಿಸಿಬಿಟ್ಟಿದ್ದರೆ? ಇದು ಗಾಳಿಮಾತಲ್ಲ, ಕೂದಲೆಳೆಯಲ್ಲಿ ತಪ್ಪಿಹೋದದ್ದು. 2007ರಲ್ಲಿ ಆಸ್ಟ್ರೇಲಿಯಾದ ಜಾರ್ಜ್ ಮಿಲ್ಲರ್ 'ಜಸ್ಟಿಸ್ ಲೀಗ್: ಮಾರ್ಟಲ್' ಅನ್ನುವ ಸಿನಿಮಾಕ್ಕೆ ನಟರನ್ನೂ ಆರಿಸಿ ಕೂತಿದ್ದರು. ಆರ್ಮಿ ಹ್ಯಾಮರ್ ಬ್ಯಾಟ್‌ಮ್ಯಾನ್, ಮೇಗನ್ ಗೇಲ್ ವಂಡರ್ ವುಮನ್. ಅಷ್ಟರಲ್ಲಿ ಹಾಲಿವುಡ್ ಬರಹಗಾರರ ಮುಷ್ಕರ ಶುರುವಾಗಿ ಸ್ಕ್ರಿಪ್ಟ್ ತಿದ್ದುವ ಹಾಗಿಲ್ಲ ಅಂತಾಯಿತು. ಆಸ್ಟ್ರೇಲಿಯಾದಲ್ಲಿ ಚಿತ್ರೀಕರಣ ಮಾಡಿದರೆ ಸಿಗಬಹುದಿದ್ದ ಶೇಕಡಾ 40ರ ತೆರಿಗೆ ರಿಯಾಯಿತಿಯನ್ನು, ಇದು ಸಾಕಷ್ಟು ಆಸ್ಟ್ರೇಲಿಯನ್ ಸಿನಿಮಾ ಅಲ್ಲ ಅಂತ ನಿರಾಕರಿಸಿದರು. 2008ರಲ್ಲಿ ಬಂದ 'ದಿ ಡಾರ್ಕ್ ನೈಟ್' ಒಂಟಿ ಬ್ಯಾಟ್‌ಮ್ಯಾನ್‌ನಿಂದಲೇ 100 ಕೋಟಿ ಡಾಲರ್ ಗಳಿಸಿದ ಮೇಲೆ ವಾರ್ನರ್‌ಗೆ ಇನ್ನೊಬ್ಬ ಬ್ಯಾಟ್‌ಮ್ಯಾನ್ ಬೇಕಾಗಲಿಲ್ಲ.

ಆ ರಿಯಾಯಿತಿ ಸಿಕ್ಕಿದ್ದರೆ ಅವೆಂಜರ್ಸ್‌ಗಿಂತ ಎರಡು ಮೂರು ವರ್ಷ ಮೊದಲೇ ಜಸ್ಟಿಸ್ ಲೀಗ್ ತೆರೆಗೆ ಬರುತ್ತಿತ್ತು. ಗೆಲ್ಲುತ್ತಿತ್ತೇ? ನನಗಂತೂ ನಂಬಿಕೆ ಇಲ್ಲ. ಒಂದು ಕಡೆ 'ದಿ ಡಾರ್ಕ್ ನೈಟ್'ನ ಬ್ಯಾಟ್‌ಮ್ಯಾನ್ ಕ್ರಿಶ್ಚಿಯನ್ ಬೇಲ್, ಇನ್ನೊಂದು ಕಡೆ ಇನ್ನೊಬ್ಬ ಬ್ಯಾಟ್‌ಮ್ಯಾನ್. ಸೂಪರ್‌ಮ್ಯಾನ್ ಬೇರೆ ಹೊಸಬ. ಯಾರ ಕಥೆಯೂ ಮೊದಲು ಹೇಳಿಲ್ಲ. ನೋಡುವವರಿಗೆ ಗೊಂದಲ. ಆದರೆ ಅದು ಸೋತಿದ್ದರೆ 'ಎಲ್ಲ ಹೀರೋಗಳನ್ನು ಒಟ್ಟಿಗೆ ಹಾಕಿದರೆ ಓಡಲ್ಲ' ಅನ್ನುವ ಮಾತು ಹಾಲಿವುಡ್‌ನಲ್ಲಿ ಗಟ್ಟಿಯಾಗಿ, ಮಾರ್ವೆಲ್‌ನ ಯೋಜನೆಗೂ ಪೆಟ್ಟು ಬೀಳುತ್ತಿತ್ತು. ಮಿಲ್ಲರ್ ಮಾತ್ರ ಆಮೇಲೆ 'ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್' ಮಾಡಿ 2015ರಲ್ಲಿ ಬಿಡುಗಡೆ ಮಾಡಿದರು. ಅದಕ್ಕೆ ಆರು ಆಸ್ಕರ್ ಬಂದವು. ವಂಡರ್ ವುಮನ್ ಆಗಬೇಕಿದ್ದ ಮೇಗನ್ ಗೇಲ್‌ಗೂ ಅದರಲ್ಲೊಂದು ಪಾತ್ರ ಸಿಕ್ಕಿತು. ನನ್ನನ್ನು ಕೇಳಿದರೆ, ಈ ಅದಲುಬದಲಿನಲ್ಲಿ ನೋಡುಗರಿಗೆ ಲಾಭವೇ ಆಯಿತು.