ಕೇನ್ ಕೊರಗಿದ್ದು ಬರೀ ಒಂದು ಸ್ಲೆಡ್ಡಿಗಾ?

ಓದುಗರ ಪ್ರಶ್ನೆ: ‘ಸಿಟಿಜನ್ ಕೇನ್’ ನೋಡಿದೆ. ಅಷ್ಟು ದೊಡ್ಡ ಶ್ರೀಮಂತ ಸಾಯುವಾಗ ‘ರೋಸ್‌ಬಡ್’ ಅಂತಾನೆ. ಕೊನೆಗೆ ನೋಡಿದರೆ ಅದು ಚಿಕ್ಕಂದಿನಲ್ಲಿ ಹಿಮದ ಮೇಲೆ ಜಾರುತ್ತಿದ್ದ ಸ್ಲೆಡ್ಡಿನ ಹೆಸರು. ಇಷ್ಟೇನಾ? ಇದಕ್ಕಾಗಿ ಎರಡು ಗಂಟೆ ಕೂರಿಸಿದರಾ?

ಈ ಸಿನಿಮಾ ನೋಡಿದ ಬಹಳಷ್ಟು ಜನ ಕೇಳುವ ಪ್ರಶ್ನೆ ಇದು. (1941ರ ಸಿನಿಮಾ. ಗುಟ್ಟು ಬಿಟ್ಟುಕೊಟ್ಟೆ ಅಂತ ಇನ್ನೂ ನೋಡದವರು ಬೈಯಬೇಡಿ.)

ಮೊದಲು ಒಂದು ವಿಷಯ. ಸ್ಲೆಡ್ಡೇ ಬೇಕಿದ್ದರೆ ಕೇನ್‌ಗೆ ಅದು ಕಷ್ಟವೇ ಇರಲಿಲ್ಲ. ಅವನ ಪೋಷಕನಾದ ಬ್ಯಾಂಕರ್ ಥ್ಯಾಚರ್ ಕ್ರಿಸ್‌ಮಸ್‌ಗೆ ಹೊಸ ಸ್ಲೆಡ್ ಕೊಡಿಸುತ್ತಾನೆ. ಆ ದೃಶ್ಯ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ, ಹಾಗಾಗಿ ತಪ್ಪಿಹೋಗಿರಬಹುದು. ಹಳೆಯ ಸ್ಲೆಡ್ ಕೊಲೊರಾಡೋದ ಮನೆಯ ಹೊರಗೆ ಹಿಮದಲ್ಲಿ ಹೂತುಹೋಗುತ್ತಿರುತ್ತದೆ. ಮರುಕ್ಷಣವೇ ಹುಡುಗ ಹೊಸ ಸ್ಲೆಡ್ಡಿನ ಕಾಗದ ಬಿಚ್ಚುತ್ತಿರುತ್ತಾನೆ. ಮುಖ ಮಾತ್ರ ಗಂಟಿಕ್ಕಿಕೊಂಡಿದೆ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಕ್ಕಿಬಿಡುತ್ತದೆ. ವಸ್ತು ಸಿಕ್ಕಿದೆ, ಆದರೆ ಅದರ ಜೊತೆಗಿದ್ದ ಮನೆ, ಅಮ್ಮ ಇಲ್ಲ.

ಇನ್ನರ್ಧ ಉತ್ತರ ಅದಕ್ಕೂ ಮುಂಚಿನ ದೃಶ್ಯದಲ್ಲಿದೆ. ಇಡೀ ಸಿನಿಮಾದಲ್ಲಿ ನನಗೆ ತುಂಬಾ ಇಷ್ಟವಾದ ದೃಶ್ಯವೂ ಅದೇ. ಇಸವಿ 1871. ಕೇನ್‌ನ ಅಮ್ಮ ಊಟ-ವಸತಿಯ ಮನೆ ನಡೆಸುತ್ತಿರುತ್ತಾಳೆ. ಬಾಡಿಗೆ ಕೊಡಲಾಗದ ಒಬ್ಬ ಕೆಲಸಕ್ಕೆ ಬಾರದ್ದು ಅನ್ನಿಸಿದ ಗಣಿಯೊಂದರ ಪತ್ರ ಬಿಟ್ಟುಹೋಗಿದ್ದ. ಆ ಗಣಿಯಿಂದ ಈಗ ಅಪಾರ ಹಣ ಬರತೊಡಗಿದೆ. ಅಮ್ಮ ಮಗನನ್ನು ಬ್ಯಾಂಕಿನವರ ವಶಕ್ಕೆ ಒಪ್ಪಿಸುತ್ತಾಳೆ. ಅಪ್ಪ ಅಮ್ಮನಿಗೆ ಬದುಕಿರುವವರೆಗೂ ವರ್ಷಕ್ಕೆ 50,000 ಡಾಲರ್. ಒಳಗೆ ದೊಡ್ಡವರು ಕಾಗದಕ್ಕೆ ಸಹಿ ಹಾಕುತ್ತಿದ್ದಾರೆ, ಹಿಂದಿನ ಕಿಟಕಿಯಲ್ಲಿ ಹುಡುಗ ಹಿಮದಲ್ಲಿ ಆಡುತ್ತಿದ್ದಾನೆ. ಛಾಯಾಗ್ರಾಹಕ ಗ್ರೆಗ್ ಟೋಲಂಡ್ ಹತ್ತಿರದ ಮುಖವನ್ನೂ ದೂರದ ಹುಡುಗನನ್ನೂ ಒಟ್ಟಿಗೆ ಸ್ಪಷ್ಟವಾಗಿ ಕಾಣಿಸುತ್ತಾರೆ. ತನ್ನ ಬದುಕಿನ ತೀರ್ಮಾನ ಆಗುತ್ತಿದೆ ಅನ್ನೋದು ಆ ಹುಡುಗನೊಬ್ಬನಿಗೇ ಗೊತ್ತಿಲ್ಲ.

ಅಮ್ಮ ದುರಾಸೆಯವಳಾ? ನನಗೆ ಹಾಗನ್ನಿಸುವುದಿಲ್ಲ. ಹುಡುಗ ಸ್ಲೆಡ್ಡಿನಿಂದ ಥ್ಯಾಚರ್‌ನನ್ನು ತಳ್ಳಿದಾಗ ಅಪ್ಪ ‘ಇವನಿಗೆ ಸರಿಯಾಗಿ ನಾಲ್ಕು ಬಿಗಿಯಬೇಕು’ ಅನ್ನುವ ಅರ್ಥದಲ್ಲಿ ಮಾತಾಡುತ್ತಾನೆ. ನಿನ್ನ ಕೈಗೆ ಸಿಗದ ಕಡೆ ಬೆಳೆಯಲಿ ಅಂತಲೇ ಕಳಿಸುತ್ತಿದ್ದೇನೆ ಎಂದು ಅಮ್ಮ ಹೇಳುತ್ತಾಳೆ. ಮಗನ ಪೆಟ್ಟಿಗೆ ಕಟ್ಟಿ ಒಂದು ವಾರವಾಗಿದೆ ಅಂತಲೂ ಹೇಳುತ್ತಾಳೆ. ಆ ಒಂದು ವಾರ ಅವಳು ಹೇಗೆ ಕಳೆದಳು ಅಂತ ಸುಮ್ನೆ ಊಹಿಸಿಕೊಳ್ಳಿ. ಆದರೆ ಮಗನಿಗೆ ಇದೆಲ್ಲ ಹೇಗೆ ಅರ್ಥವಾಗಬೇಕು? ಅವನಿಗೆ ಗೊತ್ತಾಗಿದ್ದು ಒಂದೇ: ದುಡ್ಡು ಬಂತು, ಅಮ್ಮ ಹೋದಳು.

ಮುಂದೆ ಅವನು ಪತ್ರಿಕೆ ನಡೆಸುತ್ತಾನೆ, ಚುನಾವಣೆಗೆ ನಿಲ್ಲುತ್ತಾನೆ, ಎರಡು ಮದುವೆಯಾಗುತ್ತಾನೆ. ಎಲ್ಲರ ಪ್ರೀತಿಯೂ ಬೇಕು, ಆದರೆ ತಾನು ಹೇಳಿದ ಷರತ್ತಿನ ಮೇಲೆ. ಕೊನೆಗೆ ಫ್ಲಾರಿಡಾದಲ್ಲಿ ಜನಾಡು ಅನ್ನೋ ಅರಮನೆ. ಅಲ್ಲಿ ಎರಡನೇ ಹೆಂಡತಿ ಸೂಸನ್ 49,000 ಎಕರೆ ನಡುವೆ ಜಿಗ್ಸಾ ಪಜಲ್ ಜೋಡಿಸುತ್ತಾ, ಒಂಟಿತನ ಕಾಡುತ್ತಿದೆ ಅಂತ ಗೋಳಾಡುತ್ತಾಳೆ.

ಸೂಸನ್ ಸಿಕ್ಕಿದ ರಾತ್ರಿಯನ್ನು ನೆನಪಿಸಿಕೊಳ್ಳಿ. ಕೇನ್‌ನ ಅಮ್ಮ ತೀರಿಹೋದ ಮೇಲೆ ಅವಳ ಸಾಮಾನು ನ್ಯೂಯಾರ್ಕಿನ ಗೋದಾಮಿಗೆ ಬಂದಿರುತ್ತದೆ. ಅದನ್ನು ನೋಡಲು ಹೊರಟ ಕೇನ್ ದಾರಿಯಲ್ಲಿ ಮೈಮೇಲೆ ಕೆಸರು ಸಿಡಿಸಿಕೊಳ್ಳುತ್ತಾನೆ. ಹಲ್ಲುನೋವಿನ ನಡುವೆಯೂ ಸೂಸನ್ ನಗುತ್ತಾಳೆ. ಅವನು ಯಾರು ಅಂತ ಅವಳಿಗೆ ಗೊತ್ತೇ ಇಲ್ಲ! ಅವನನ್ನು ಸೆಳೆದದ್ದು ಅದೇ ಅನ್ನಿಸುತ್ತೆ. ಅವಳು ತನ್ನ ಅಮ್ಮನ ಆಸೆಯ ಬಗ್ಗೆ ಮಾತಾಡುತ್ತಾಳೆ. ಆ ರಾತ್ರಿ ಅವನು ಗೋದಾಮಿಗೆ ಹೋಗುವುದೇ ಇಲ್ಲ. ಸ್ಲೆಡ್ ಕೊನೆಯವರೆಗೂ ಅವನ ಸಾಮಾನಿನ ರಾಶಿಯಲ್ಲೇ ಇತ್ತು. ಅವನು ಸತ್ತ ಮೇಲೆ ಕಸ ಅಂತ ಒಲೆಗೆ ಎಸೆಯುವವರಿಗೂ ಅದೇನೆಂದು ತಿಳಿಯದು.

ಆರ್ಸನ್ ವೆಲ್ಸ್ ಇದನ್ನು ತೆಗೆದದ್ದು 25ನೇ ವಯಸ್ಸಿನಲ್ಲಿ. ಕೇನ್‌ಗೆ ಮಾದರಿ ಪತ್ರಿಕಾ ದೊರೆ ವಿಲಿಯಂ ರಾಂಡಾಲ್ಫ್ ಹರ್ಸ್ಟ್ ಅಂತ ಎಲ್ಲರೂ ಹೇಳುತ್ತಾರೆ, ಅದು ನಿಜ. ಆದರೆ ಹರ್ಸ್ಟ್ ಹುಟ್ಟಿದ್ದೇ ಶ್ರೀಮಂತ ಮನೆಯಲ್ಲಿ, ಅಮ್ಮನ ಮಡಿಲಲ್ಲೇ ಬೆಳೆದವರು. ಅಮ್ಮನನ್ನು 9ನೇ ವಯಸ್ಸಿನಲ್ಲಿ, ಅಪ್ಪನನ್ನು 15ರಲ್ಲಿ ಕಳೆದುಕೊಂಡು ಪೋಷಕರೊಬ್ಬರ ಆಸರೆಗೆ ಬಿದ್ದವರು ವೆಲ್ಸ್. ಅವರ ಪೋಷಕರ ಹೆಸರು ಬರ್ನ್‌ಸ್ಟೀನ್. ಸಿನಿಮಾದಲ್ಲಿ ಕೇನ್‌ನ ನಂಬಿಗಸ್ತ ಮ್ಯಾನೇಜರ್ ಹೆಸರೂ ಅದೇ! ಹೀಗಿದ್ದೂ ವೆಲ್ಸ್ ಮುಂದೆ ರೋಸ್‌ಬಡ್ ಉಪಾಯವನ್ನು ಅಗ್ಗದ ಫ್ರಾಯ್ಡ್ (ಎಲ್ಲಕ್ಕೂ ಬಾಲ್ಯದಲ್ಲೇ ಕಾರಣ ಹುಡುಕುವ ಮನಶ್ಶಾಸ್ತ್ರ) ಅಂತ ಗೇಲಿ ಮಾಡಿದರು. ಒಂದು ಮಟ್ಟಿಗೆ ಒಪ್ಪುತ್ತೇನೆ. ಒಂದು ಪದ ಒಬ್ಬ ಮನುಷ್ಯನ ಇಡೀ ಬದುಕನ್ನು ವಿವರಿಸುವುದಿಲ್ಲ ಅಂತ ಸಿನಿಮಾದ ವರದಿಗಾರನೇ ಹೇಳುತ್ತಾನಲ್ಲ. ಆದರೆ ಗೇಲಿಗೆ ಸಿಗುವುದು ಸ್ಲೆಡ್ ಮಾತ್ರ, ಆ ಕಿಟಕಿಯ ದೃಶ್ಯ ಅಲ್ಲ.

ಇನ್ನೊಮ್ಮೆ ನೋಡುವುದಾದರೆ ಒಂದು ಕೆಲಸ ಮಾಡಿ. ಸಾಯುವಾಗ ಕೇನ್ ಕೈಯಲ್ಲಿ ಹಿಮ ಬೀಳುವ ಗಾಜಿನ ಗೋಳ ಇರುತ್ತದಲ್ಲ, ಅದನ್ನು ಸೂಸನ್‌ಳ ಮೊದಲ ಬಾಡಿಗೆ ಕೋಣೆಯಲ್ಲಿ ಹುಡುಕಿ. ಕನ್ನಡಿ ಮೇಜಿನ ಮೇಲೆ ಇದೆ.