ಪೇಪರ್‌ಗಳ ಅಲೆ ಎಲ್ಲಿಂದ ಏಳುತ್ತದೆ? ಕೋಳಿ, ಜಾನುವಾರು ಸಂಶೋಧನೆ ಓದುವವರಿಗೆ ಒಂದು ಟಿಪ್ಪಣಿ

ಸಿನಾಪ್ಸಿಸ್ ಕೊಡುವ ದಿನ ಹತ್ತಿರವಾದಾಗ ಹಾಸ್ಟೆಲ್‌ನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: "ಈಗ ಯಾವ ಟಾಪಿಕ್ ಓಡ್ತಿದೆ?" ನಾನೂ ಅದನ್ನೇ ಕೇಳಿಕೊಂಡು ಓಡಾಡಿದೆ. ಕೊನೆಗೆ ಕೋಳಿ ಆಹಾರದ ಪೇಪರ್‌ಗಳನ್ನು ವರ್ಷದ ಪ್ರಕಾರ ಜೋಡಿಸಿ ಓದಲು ಕುಳಿತೆ. ಕೆಲವೇ ದಿನದಲ್ಲಿ ಒಂದು ಸಂಗತಿ ಎದ್ದು ಕಂಡಿತು. ಯಾವ ಟಾಪಿಕ್ಕೂ ತಾನಾಗಿ ಓಡುವುದಿಲ್ಲ, ಹಿಂದಿನಿಂದ ಏನೋ ಒಂದು ತಳ್ಳಿರುತ್ತದೆ. ಅದು ಕಾನೂನು ಇರಬಹುದು, ರೋಗ ಇರಬಹುದು, ಹೊಸ ಯಂತ್ರ ಇರಬಹುದು. ತಳ್ಳಿದ್ದು ಯಾವುದು ಅಂತ ಗೊತ್ತಾದರೆ ನೂರು ಪೇಪರ್ ಓದುವ ಕೆಲಸ ಹಗುರವಾಗುತ್ತದೆ. ಈ ಟಿಪ್ಪಣಿ ಬರೆದಿದ್ದು ಅದಕ್ಕೇ.

ಒಂದು ಅಲೆಯನ್ನು ಪೂರ್ತಿ ನೋಡೋಣ

ಬ್ರಾಯ್ಲರ್ ಪೇಪರ್ ಹುಡುಕಿದರೆ ರಾಶಿ ರಾಶಿ ಸಿಗುವುದು ಇವೇ: ಪ್ರೋಬಯಾಟಿಕ್, ಪ್ರೀಬಯಾಟಿಕ್, ಆರ್ಗ್ಯಾನಿಕ್ ಆಸಿಡ್, ಅರಿಶಿನ, ಬೆಳ್ಳುಳ್ಳಿ, ನುಗ್ಗೆಸೊಪ್ಪು, ಓರೆಗಾನೊ ಎಣ್ಣೆ. "ಆ್ಯಂಟಿಬಯಾಟಿಕ್‌ಗೆ ಬದಲಾಗಿ" ಅನ್ನುವ ಮಾತು ಶೀರ್ಷಿಕೆಯಲ್ಲೋ ಮೊದಲ ಪ್ಯಾರಾದಲ್ಲೋ ಇದ್ದೇ ಇರುತ್ತದೆ.

ಇದರ ಬೇರು 1940ರ ದಶಕದ ಕೊನೆಯಲ್ಲಿದೆ. ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಥಾಮಸ್ ಜೂಕ್ಸ್ ಮತ್ತು ರಾಬರ್ಟ್ ಸ್ಟೋಕ್‌ಸ್ಟಾಡ್ ಕೋಳಿಮರಿಗಳಿಗೆ ವಿಟಮಿನ್ ಬಿ12 ಸಿಗುವ ಮೂಲ ಹುಡುಕುತ್ತಿದ್ದರು. ಆರಿಯೋಮೈಸಿನ್ ಅನ್ನುವ ಆ್ಯಂಟಿಬಯಾಟಿಕ್ ತಯಾರಿಸಿದ ಮೇಲೆ ಉಳಿಯುವ ಗಸಿಯನ್ನು ಫೀಡ್‌ಗೆ ಬೆರೆಸಿ ನೋಡಿದರು. ಮರಿಗಳು ಬಿ12ರಿಂದ ಬೆಳೆಯಬೇಕಾದ್ದಕ್ಕಿಂತ ಜಾಸ್ತಿ ಬೆಳೆದವು. ಗಸಿಯಲ್ಲಿ ಉಳಿದಿದ್ದ ಆ್ಯಂಟಿಬಯಾಟಿಕ್ಕೇ ಅದಕ್ಕೆ ಕಾರಣ. ಅಲ್ಲಿಂದ ಮುಂದೆ ರೋಗವಿಲ್ಲದ ಕೋಳಿಗೂ ಸಣ್ಣ ಪ್ರಮಾಣದಲ್ಲಿ ಆ್ಯಂಟಿಬಯಾಟಿಕ್ ಕೊಡುವುದು ರೂಢಿಯಾಯಿತು.

ಆಮೇಲೆ ಬಾಗಿಲು ಒಂದೊಂದಾಗಿ ಮುಚ್ಚಿತು. ಸ್ವೀಡನ್ 1986ರಲ್ಲೇ ಬೆಳವಣಿಗೆಗಾಗಿ ಆ್ಯಂಟಿಬಯಾಟಿಕ್ ಕೊಡುವುದನ್ನು ನಿಲ್ಲಿಸಿತು. ಯುರೋಪಿಯನ್ ಒಕ್ಕೂಟ 1997ರಲ್ಲಿ ಅವೋಪಾರ್ಸಿನ್ ಅನ್ನುವ ಆ್ಯಂಟಿಬಯಾಟಿಕ್ ನಿಷೇಧಿಸಿತು. ಮನುಷ್ಯರಿಗೆ ಕೊಡುವ ವ್ಯಾಂಕೊಮೈಸಿನ್‌ಗೆ ಅದು ಹತ್ತಿರದ ನೆಂಟ. ಉಳಿದವನ್ನೂ 2006ರ ಜನವರಿ 1ರಿಂದ ನಿಲ್ಲಿಸಿದರು. 2015ರ ಕೊನೆಯಲ್ಲಿ ಚೀನಾದಿಂದ ಇನ್ನೊಂದು ಸುದ್ದಿ ಬಂತು. ಕೊಲಿಸ್ಟಿನ್ ಅನ್ನುವ ಆ್ಯಂಟಿಬಯಾಟಿಕ್‌ಗೆ ಬ್ಯಾಕ್ಟೀರಿಯಾ ಬಗ್ಗದಂತೆ ಮಾಡುವ ಎಂಸಿಆರ್-1 ಅನ್ನುವ ಜೀನ್ ಹಂದಿಗಳಲ್ಲಿ, ಮಾಂಸದಲ್ಲಿ, ರೋಗಿಗಳಲ್ಲಿ ಕಂಡಿತ್ತು. ಅದು ಪ್ಲಾಸ್ಮಿಡ್ (ಬ್ಯಾಕ್ಟೀರಿಯಾದೊಳಗಿನ ಬಿಡಿ ಡಿಎನ್‌ಎ ಉಂಗುರ) ಮೇಲೆ ಕೂತಿದ್ದರಿಂದ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಸಲೀಸಾಗಿ ದಾಟುತ್ತಿತ್ತು. ಭಾರತ 2019ರ ಜುಲೈನಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು ನಿಷೇಧಿಸಿತು. ಚೀನಾ 2020ರಲ್ಲಿ ಫೀಡ್‌ನಿಂದ ಬೆಳವಣಿಗೆಯ ಆ್ಯಂಟಿಬಯಾಟಿಕ್‌ಗಳನ್ನೇ ತೆಗೆಸಿತು.

ಈ ವರ್ಷಗಳನ್ನು ಒಂದು ಗೆರೆಯ ಮೇಲೆ ಗುರುತು ಹಾಕಿಕೊಳ್ಳಿ. ಪಕ್ಕದಲ್ಲಿ ನೀವು ಓದಿದ ಪೇಪರ್‌ಗಳ ವರ್ಷ ಬರೆಯಿರಿ. ಕಾನೂನು ಬಂದ ಹಿಂದೆಯೇ ಪೇಪರ್ ಬಂದಿರುವುದು ಕಣ್ಣಿಗೆ ಕಾಣುತ್ತದೆ. ಇನ್ನೊಂದು ತಳ್ಳು ಯಂತ್ರದ ಕಡೆಯಿಂದ ಬಂತು. ಕರುಳಿನ ಬ್ಯಾಕ್ಟೀರಿಯಾಗಳನ್ನು 16ಎಸ್ ಜೀನ್ ಓದಿ ಗುರುತಿಸುವುದು ಅಗ್ಗವಾಯಿತು. ಮೊದಲು ತೂಕ, ಎಫ್‌ಸಿಆರ್ (ಒಂದು ಕಿಲೋ ತೂಕ ಬರಲು ತಿಂದ ಫೀಡ್), ಸತ್ತ ಕೋಳಿಗಳ ಲೆಕ್ಕ ಇಷ್ಟೇ ಇರುತ್ತಿದ್ದ ಪೇಪರ್‌ಗಳಲ್ಲಿ ಈಗ ಕುರುಡು ಕರುಳಿನ ಬ್ಯಾಕ್ಟೀರಿಯಾದ ಬಣ್ಣ ಬಣ್ಣದ ಚಿತ್ರಗಳೂ ಬರುತ್ತವೆ.

ಒಂದು ಎಚ್ಚರಿಕೆ. "ಆ್ಯಂಟಿಬಯಾಟಿಕ್ ಇಲ್ಲದೆ" ಅಂದರೆ ಎಲ್ಲ ದೇಶದಲ್ಲೂ ಒಂದೇ ಅರ್ಥವಲ್ಲ. ಕಾಕ್ಸಿಡಿಯಾ ಅನ್ನುವ ಪರಾವಲಂಬಿಯಿಂದ ಬರುವ ಕರುಳಿನ ರೋಗ ಕಾಕ್ಸಿಡಿಯೋಸಿಸ್‌ಗೆ ಕೊಡುವ ಐಯೊನೊಫೋರ್ ಔಷಧಿಗಳನ್ನು ಯುರೋಪ್ ಕಾಕ್ಸಿಡಿಯಾ ತಡೆಯುವ ಫೀಡ್ ಸೇರ್ಪಡೆ ಅಂತ ಬೇರೆ ಇಟ್ಟಿದೆ. ಅಮೆರಿಕದಲ್ಲಿ ಅವನ್ನೂ ಆ್ಯಂಟಿಬಯಾಟಿಕ್ ಎಂದೇ ಎಣಿಸುತ್ತಾರೆ. ಎರಡೂ ಕಡೆಯ ಪೇಪರ್‌ಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವ ಮೊದಲು ಮೆಟೀರಿಯಲ್ಸ್ ಭಾಗದಲ್ಲಿ ಇದನ್ನು ನೋಡಿಕೊಳ್ಳಿ.

ಆ ಪೇಪರ್‌ಗಳನ್ನು ಓದುವಾಗ ಕೈ ಇಡಬೇಕಾದ ಜಾಗ

ನನಗೆ ತುಂಬ ತಡವಾಗಿ ಅರ್ಥವಾದ ವಿಷಯ ಇದು. ಹಾಗಾಗಿ ಬಿಡಿಸಿ ಹೇಳುತ್ತೇನೆ.

300 ಮರಿಗಳು, 5 ಆಹಾರ, ಪ್ರತಿ ಆಹಾರಕ್ಕೆ 3 ಪೆನ್ (ಶೆಡ್‌ನೊಳಗೆ ಅಡ್ಡಗಟ್ಟಿದ ಅಂಕಣ), ಪ್ರತಿ ಪೆನ್‌ಗೆ 20 ಮರಿ ಅಂತ ಇಟ್ಟುಕೊಳ್ಳಿ. ಒಂದು ಆಹಾರದ ಎನ್, ಅಂದರೆ ಲೆಕ್ಕಕ್ಕೆ ಹಿಡಿಯುವ ಸ್ವತಂತ್ರ ಘಟಕಗಳ ಸಂಖ್ಯೆ, ಎಷ್ಟು? 60 ಅನ್ನಿಸುತ್ತದೆ, ಅಲ್ವಾ? ಆದರೆ ನಾವು ಆಹಾರ ಕೊಟ್ಟಿದ್ದು ಪೆನ್‌ಗೆ. 20 ಮರಿಗಳೂ ಒಂದೇ ಫೀಡರ್‌ನಲ್ಲಿ ತಿಂದಿವೆ, ಒಂದೇ ಲಿಟರ್ (ನೆಲಕ್ಕೆ ಹಾಸಿದ ಹೊಟ್ಟು) ಮೇಲೆ ಮಲಗಿವೆ, ಒಂದೇ ಗಾಳಿ ಉಸಿರಾಡಿವೆ. ಒಂದು ಮರಿಗೆ ಭೇದಿ ಶುರುವಾದರೆ ಉಳಿದವಕ್ಕೂ ಹರಡುತ್ತದೆ. ಅವು 20 ಬೇರೆ ಬೇರೆ ಸಾಕ್ಷಿಗಳಲ್ಲ, ಒಂದೇ ಸಾಕ್ಷಿ. ಆದ್ದರಿಂದ ಎನ್ ಅಂದರೆ 3. ಒಟ್ಟು 15 ಪೆನ್, 5 ಆಹಾರ. ಎರರ್‌ಗೆ ಉಳಿಯುವ ಡಿಗ್ರೀಸ್ ಆಫ್ ಫ್ರೀಡಂ (ಘಟಕಗಳ ಸಂಖ್ಯೆಯಿಂದ ಆಹಾರಗಳ ಸಂಖ್ಯೆ ಕಳೆದದ್ದು) 10. ಮರಿಗಳನ್ನೇ ಲೆಕ್ಕ ಹಿಡಿದರೆ ಅದೇ 295 ಆಗುತ್ತದೆ. 10 ಇರಬೇಕಾದ ಕಡೆ 295 ಹಾಕಿದರೆ ಇಲ್ಲದ ವ್ಯತ್ಯಾಸವೂ ಇದ್ದಂತೆ ಕಾಣುತ್ತದೆ. ಎಫ್‌ಸಿಆರ್‌ ವಿಷಯದಲ್ಲಂತೂ ಒಂದೊಂದು ಮರಿ ಎಷ್ಟು ತಿಂದಿತು ಅಂತ ಗೊತ್ತಾಗುವುದೇ ಇಲ್ಲ. ತೂಗಿದ್ದು ಪೆನ್‌ನ ಫೀಡ್ ಮಾತ್ರ.

ಇದನ್ನು ತಿಳಿದ ಮೇಲೆ ನಾನು ಪೇಪರ್ ಓದುವ ಕ್ರಮವೇ ಬದಲಾಯಿತು. ಅಬ್‌ಸ್ಟ್ರಾಕ್ಟ್ ಆದ ಮೇಲೆ ನೇರವಾಗಿ ಅಂಕಿಅಂಶದ ಪ್ಯಾರಾಕ್ಕೆ ಹೋಗುತ್ತೇನೆ. ಎಷ್ಟು ಪೆನ್, ಯಾವುದು ಘಟಕ ಅಂತ ಅಲ್ಲಿ ಬರೆಯದಿದ್ದರೆ "ವ್ಯತ್ಯಾಸ ನಿಜ" ಅಂತ ಟೇಬಲ್‌ನಲ್ಲಿ ಹಾಕುವ ನಕ್ಷತ್ರ ಗುರುತುಗಳನ್ನು ನಂಬುವುದಿಲ್ಲ.

ಎರಡನೆಯದು ಶೆಡ್‌ನ ಸ್ವಚ್ಛತೆ. ತೊಳೆದ ಶೆಡ್, ಹೊಸ ಲಿಟರ್, ಕಡಿಮೆ ಮರಿ ಇದ್ದ ಕಡೆ ಬೆಳವಣಿಗೆಯ ಆ್ಯಂಟಿಬಯಾಟಿಕ್ ಕೂಡ ಹೆಚ್ಚಿಗೆ ಏನೂ ಮಾಡುವುದಿಲ್ಲ. ತಡೆಯಲು ಅಲ್ಲಿ ಏನೂ ಇಲ್ಲವಲ್ಲ. ಅಂಥ ಶೆಡ್‌ನಲ್ಲಿ ಅರಿಶಿನವೂ ಆ್ಯಂಟಿಬಯಾಟಿಕ್ಕೂ "ಸಮಾನ" ಅಂತ ಫಲಿತಾಂಶ ಬಂದರೆ, ಎರಡೂ ಕೆಲಸ ಮಾಡಿದವೋ ಎರಡೂ ಮಾಡಲಿಲ್ಲವೋ ಹೇಳಲಾಗದು. ಅದನ್ನು ಹೇಳುವುದು ಏನೂ ಬೆರೆಸದ ಕಂಟ್ರೋಲ್ ಗುಂಪು. ಹಾಗಾಗಿಯೇ ಈಚಿನ ಒಳ್ಳೆಯ ಪ್ರಯೋಗಗಳಲ್ಲಿ ಹಳೆಯ ಲಿಟರ್ ಹಾಕುತ್ತಾರೆ, ಇಲ್ಲವೇ ಐಮೇರಿಯಾ (ಕಾಕ್ಸಿಡಿಯಾ ಪರಾವಲಂಬಿ) ಮತ್ತು ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾ ಕೊಟ್ಟು ನೆಕ್ರೋಟಿಕ್ ಎಂಟರೈಟಿಸ್ ಅನ್ನುವ ಕರುಳಿನ ರೋಗ ಬರುವಂತೆ ಮಾಡಿ ನೋಡುತ್ತಾರೆ.

ಮೂರನೆಯದು ರೈತನ ಲೆಕ್ಕ. ಎಫ್‌ಸಿಆರ್ 1.70 ಇದ್ದದ್ದು 1.66 ಆಯಿತು ಅನ್ನಿ. 2 ಕಿಲೋ ಕೋಳಿಗೆ ಉಳಿಯುವ ಫೀಡ್ 80 ಗ್ರಾಂ. 5,000 ಕೋಳಿಯ ಬ್ಯಾಚ್‌ಗೆ 400 ಕಿಲೋ. ಫೀಡ್ ಕಿಲೋಗೆ 40 ರೂಪಾಯಿ ಅಂತ ಹಿಡಿದರೆ 16,000 ರೂಪಾಯಿ. ಬೆರೆಸಿದ ಪುಡಿಯ ಖರ್ಚು ಇದಕ್ಕಿಂತ ಕಡಿಮೆ ಇದ್ದರೆ ಮಾತ್ರ ಲಾಭ. ಎಷ್ಟೋ ಪೇಪರ್‌ಗಳಲ್ಲಿ ಪಿ ವ್ಯಾಲ್ಯೂ (ವ್ಯತ್ಯಾಸ ಆಕಸ್ಮಿಕವೋ ಅಂತ ಅಳೆಯುವ ಅಂಕಿ) ಇರುತ್ತದೆ, ಈ ಎರಡು ಸಾಲಿನ ಲೆಕ್ಕ ಇರುವುದಿಲ್ಲ. ನಿಮ್ಮ ಥೀಸಿಸ್‌ನಲ್ಲಿ ದಯವಿಟ್ಟು ಹಾಕಿ.

ಕೋಳಿಯೇ ಬದಲಾಗಿದೆ

ಹಳೆಯ ಪೇಪರ್‌ನ ಅಂಕಿಯನ್ನು ಇಂದಿನದಕ್ಕೆ ಹೋಲಿಸುವವರಿಗೆ ಒಂದು ಮಾತು. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 1957ರ, 1978ರ ಮತ್ತು 2005ರ ಬ್ರಾಯ್ಲರ್ ತಳಿಗಳಿಗೆ ಒಂದೇ ಆಹಾರ ಕೊಟ್ಟು ಬೆಳೆಸಿ 2014ರಲ್ಲಿ ಪ್ರಕಟಿಸಿದರು. 56ನೇ ದಿನ ತೂಕ ಕ್ರಮವಾಗಿ 905, 1,808 ಮತ್ತು 4,202 ಗ್ರಾಂ. ಆಹಾರ ಒಂದೇ ಆದ್ದರಿಂದ ಈ ವ್ಯತ್ಯಾಸ ತಳಿಯದ್ದೇ.

ಇಷ್ಟು ಬೇಗ ಬೆಳೆದದ್ದಕ್ಕೆ ಕೋಳಿ ತೆತ್ತ ಬೆಲೆಯೂ ಒಂದು ಅಲೆಯಾಗಿ ಬಂದಿದೆ: ಕಾಲಿನ ತೊಂದರೆ, ಹೊಟ್ಟೆಯಲ್ಲಿ ನೀರು ತುಂಬುವುದು, ಎದೆಯ ಮಾಂಸ ಮರದಂತೆ ಗಟ್ಟಿಯಾಗುವ ವುಡಿ ಬ್ರೆಸ್ಟ್. ಮೊಟ್ಟೆ ಕೋಳಿಯಲ್ಲೂ ಹೀಗೇ. ಯುರೋಪ್ 2012ರಿಂದ ಹಳೆಯ ಬ್ಯಾಟರಿ ಕೇಜ್ (ಇಕ್ಕಟ್ಟಾದ ಪಂಜರ) ನಿಲ್ಲಿಸಿತು. ಪಂಜರವಿಲ್ಲದೆ ಹಾರಾಡುವ ಕೋಳಿಗಳ ಎದೆಮೂಳೆ ಮುರಿಯುವುದು ಆಗ ದೊಡ್ಡ ಪ್ರಶ್ನೆಯಾಯಿತು. ಒಂದು ಕಾನೂನು ಒಂದು ನೋವನ್ನು ಕಡಿಮೆ ಮಾಡಿತು, ಸಂಶೋಧಕರಿಗೆ ಇನ್ನೊಂದನ್ನು ತೋರಿಸಿತು.

ದನ, ಎಮ್ಮೆಯ ಕಡೆ

ತಳಿಶಾಸ್ತ್ರದ ಅಲೆಯನ್ನು ಯಂತ್ರ ತಳ್ಳಿದೆ. ಮ್ಯೂವಿಸ್ಸೆನ್, ಹೇಯ್ಸ್, ಗೊಡ್ಡಾರ್ಡ್ ಅನ್ನುವ ವಿಜ್ಞಾನಿಗಳು 2001ರಲ್ಲೇ ಜೀನೋಮಿಕ್ ಆಯ್ಕೆಯ (ಡಿಎನ್‌ಎ ನೋಡಿ ಒಳ್ಳೆಯ ಪ್ರಾಣಿ ಆರಿಸುವುದರ) ಲೆಕ್ಕಾಚಾರ ಕೊಟ್ಟಿದ್ದರು. ಆದರೆ ಡಿಎನ್‌ಎಯ ಸುಮಾರು 54,000 ಗುರುತುಗಳನ್ನು ಒಮ್ಮೆಗೇ ಓದುವ ಚಿಪ್ ಬರುವವರೆಗೆ ಅದು ಕಾಗದದ ಮೇಲೇ ಇತ್ತು. ಚಿಪ್ ಬಂತು, 2009ರ ಜನವರಿಯಲ್ಲಿ ಅಮೆರಿಕ ಹೋಲ್‌ಸ್ಟೀನ್ ಹೋರಿಗಳಿಗೆ ಅಧಿಕೃತ ಜೀನೋಮಿಕ್ ಮೌಲ್ಯ ಪ್ರಕಟಿಸಿತು. ನಮ್ಮಲ್ಲಿ ದೇಸಿ ದನಕ್ಕೆ ಗೌ ಚಿಪ್, ಎಮ್ಮೆಗೆ ಮಹಿಷ್ ಚಿಪ್ 2024ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದವು. ಆದರೆ ಚಿಪ್ ಒಂದೇ ಸಾಲದು. ಯಾವ ಹಸು ಎಷ್ಟು ಹಾಲು ಕೊಟ್ಟಿತು, ಯಾವಾಗ ಕರು ಹಾಕಿತು ಅನ್ನುವ ದಾಖಲೆ ಬೇಕು. ಮನೆಗೆ ಎರಡು ಮೂರು ಹಸು ಇರುವ ಊರಿನಲ್ಲಿ ಆ ಪುಸ್ತಕ ಬರೆಯುವವರು ಯಾರು? ಈ ಪ್ರಶ್ನೆ ಕೇಳುವ ಪೇಪರ್ ಇನ್ನೂ ಜಾಸ್ತಿ ಬರಬೇಕು ಅಂತ ನನ್ನ ಅನಿಸಿಕೆ.

ಮೀಥೇನ್ ಅಲೆಯನ್ನು ವರದಿಗಳು ತಳ್ಳಿದವು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ (ಎಫ್‌ಎಒ) 2006ರಲ್ಲಿ ಒಂದು ವರದಿ ಕೊಟ್ಟಿತು. 2013ರ ವರದಿಯಲ್ಲಿ ಮನುಷ್ಯರಿಂದಾಗುವ ಹಸಿರುಮನೆ ಅನಿಲದಲ್ಲಿ ಜಾನುವಾರುಗಳ ಪಾಲು ಶೇ. 14.5 ಎಂದಿತು. ಅಲ್ಲಿಂದ ಮೀಥೇನ್ ತಗ್ಗಿಸುವ 3-ಎನ್‌ಒಪಿ ಅನ್ನುವ ರಾಸಾಯನಿಕ, ಕೆಂಪು ಕಡಲಪಾಚಿ, ಟ್ಯಾನಿನ್ ಇರುವ ಸೊಪ್ಪುಗಳ ಪೇಪರ್ ಸಾಲು ಸಾಲಾಗಿ ಬಂದವು. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಟ್ಯಾನಿನ್ ಜಾಸ್ತಿ ಇರುವ ಗಿಡಗಳಿಂದ 'ಹರಿತ್ ಧಾರಾ' ಅನ್ನುವ ಪೂರಕ ತಯಾರಿಸಿದೆ. ಇಲ್ಲಿ ಓದುವಾಗ ಅಳತೆಯನ್ನು ನೋಡಿ. ದಿನಕ್ಕೆ ಎಷ್ಟು ಗ್ರಾಂ, ತಿಂದ ಒಣ ಮೇವಿನ ಕಿಲೋಗೆ ಎಷ್ಟು, ಲೀಟರ್ ಹಾಲಿಗೆ ಎಷ್ಟು: ಮೂರೂ ಬೇರೆ ಬೇರೆ ಕಥೆ ಹೇಳುತ್ತವೆ. ದಿನಕ್ಕೆ 2 ಲೀಟರ್ ಹಾಲು ಕೊಡುವ ಮಲೆನಾಡು ಗಿಡ್ಡ ಹಸುವಿನ ಮೀಥೇನ್ ದಿನದ ಲೆಕ್ಕದಲ್ಲಿ ಕಡಿಮೆ, ಲೀಟರ್ ಲೆಕ್ಕದಲ್ಲಿ ಜಾಸ್ತಿ ಕಾಣಬಹುದು. ಗಿಡ್ಡ ಗೊಬ್ಬರವನ್ನೂ ಕೊಡುತ್ತದೆ, ಗುಡ್ಡದ ಹುಲ್ಲಿನಲ್ಲೇ ಬದುಕುತ್ತದೆ. ಲೀಟರ್ ಲೆಕ್ಕಕ್ಕೆ ಅದು ಸಿಗುವುದಿಲ್ಲ.

ರೋಗ ತಳ್ಳಿದ ಅಲೆ ಎಲ್ಲಕ್ಕಿಂತ ವೇಗದ್ದು. ಚರ್ಮಗಂಟು ರೋಗ 2019ರಲ್ಲಿ ಒಡಿಶಾದಲ್ಲಿ ಕಂಡು, 2022ರಲ್ಲಿ ದೇಶವನ್ನೇ ನಡುಗಿಸಿತು. 2024ರ ಮಾರ್ಚ್‌ನಲ್ಲಿ ಅಮೆರಿಕದ ಹಾಲಿನ ಹಸುಗಳಲ್ಲಿ ಎಚ್5ಎನ್1 ಹಕ್ಕಿಜ್ವರ ಪತ್ತೆಯಾಯಿತು. ಇಂಥ ಹೊತ್ತಿನಲ್ಲಿ ಪ್ರೀಪ್ರಿಂಟ್ (ಇನ್ನೂ ಪರಿಶೀಲನೆಯಾಗದ ಕರಡು) ಮೊದಲು ಬರುತ್ತದೆ, ಪರಿಶೀಲನೆಯಾದ ಪೇಪರ್ ಆಮೇಲೆ. ಪ್ರೀಪ್ರಿಂಟ್ ಓದಿ, ಆದರೆ ಉಲ್ಲೇಖಿಸುವ ಮೊದಲು ಅಂತಿಮ ರೂಪ ಬಂದಿದೆಯಾ ನೋಡಿ.

ಪ್ರಕಟಿಸುವ ದುಡ್ಡು

ನಮ್ಮ ಕ್ಷೇತ್ರದ ದೊಡ್ಡ ಜರ್ನಲ್‌ಗಳು ಯಾರು ಬೇಕಾದರೂ ಪುಕ್ಕಟೆ ಓದುವಂತೆ ಒಂದೊಂದಾಗಿ ಮುಕ್ತವಾಗಿವೆ. ಪೌಲ್ಟ್ರಿ ಸೈನ್ಸ್ 2020ರಲ್ಲಿ, ಅನಿಮಲ್ 2021ರಲ್ಲಿ, ಜರ್ನಲ್ ಆಫ್ ಡೇರಿ ಸೈನ್ಸ್ 2022ರಲ್ಲಿ. ಓದುವವರಿಗೆ ಇದು ಹಬ್ಬ. ಬರೆಯುವವರಿಗೆ ಹೊರೆ, ಯಾಕೆಂದರೆ ಖರ್ಚು ಲೇಖಕರ ಮೇಲೆ ಬೀಳುತ್ತದೆ. ಸ್ಕಾಲರ್‌ಶಿಪ್‌ನಲ್ಲಿ ಓದುವವರು ಅಷ್ಟು ಡಾಲರ್ ಎಲ್ಲಿಂದ ತರುವುದು? 2025ರ ಜನವರಿಯಿಂದ ನಡೆಯುತ್ತಿರುವ 'ಒಂದು ದೇಶ ಒಂದು ಚಂದಾ' ಯೋಜನೆ ಸರ್ಕಾರಿ ಕಾಲೇಜುಗಳಿಗೆ 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳನ್ನು ತೆರೆದಿದೆ. ಅದನ್ನು ಲೈಬ್ರರಿಯಲ್ಲಿ ಕೇಳಿ ತಿಳಿದುಕೊಳ್ಳಿ. ಕೃಷಿಕೋಶ ಅನ್ನುವ ಜಾಲತಾಣದಲ್ಲಿ ಹಳೆಯ ಥೀಸಿಸ್‌ಗಳೂ ಸಿಗುತ್ತವೆ. ಪೇಪರ್ ಆಗದೆ ಉಳಿದ, "ವ್ಯತ್ಯಾಸ ಕಾಣಲಿಲ್ಲ" ಅನ್ನುವ ಫಲಿತಾಂಶಗಳು ಅಲ್ಲೇ ಇರುತ್ತವೆ. ಅವನ್ನು ಬಿಟ್ಟು ಪೇಪರ್‌ಗಳನ್ನಷ್ಟೇ ಓದಿದರೆ ಪ್ರತಿಯೊಂದು ಸೊಪ್ಪೂ ಔಷಧಿಯೇ ಅನ್ನಿಸಿಬಿಡುತ್ತದೆ.

ಬರೆಯುವವರು ಪ್ರಾಣಿ ಪ್ರಯೋಗವನ್ನು ಹೇಗೆ ವರದಿ ಮಾಡಬೇಕು ಅಂತ ಹೇಳುವ ಅರೈವ್ ಮಾರ್ಗಸೂಚಿಯನ್ನು ಪ್ರಯೋಗ ಶುರುಮಾಡುವ ಮೊದಲೇ ಓದಿ. 2010ರಲ್ಲಿ ಬಂದದ್ದು, 2020ರಲ್ಲಿ ಹೊಸದಾಗಿದೆ. ಮರಿಗಳನ್ನು ಪೆನ್‌ಗೆ ಹೇಗೆ ಹಂಚಿದಿರಿ, ತೂಗಿದವರಿಗೆ ಆಹಾರ ಯಾವುದು ಅಂತ ಗೊತ್ತಿತ್ತಾ, ಇವನ್ನು ಅದು ಕೇಳುತ್ತದೆ. ಬ್ಯಾಚ್ ಮುಗಿದ ಮೇಲೆ ಓದಿದರೆ ಉತ್ತರ ಕೊಡಲು ಆಗುವುದಿಲ್ಲ.

ಯಾರೂ ತಳ್ಳದ ಟಾಪಿಕ್‌ಗಳು

ನನ್ನ ನೋಟ್‌ಬುಕ್‌ನಲ್ಲಿ ಪ್ರತಿ ಪೇಪರ್‌ಗೆ ಐದು ಕಾಲಂ ಇವೆ: ವರ್ಷ, ತಳಿ, ಪೆನ್ ಎಷ್ಟು, ತಳ್ಳಿದ್ದು ಯಾವುದು, ರೈತನಿಗೆ ಉಳಿದದ್ದೇನು. ತಳಿಯ ಕಾಲಂನಲ್ಲಿ ಮೇಲಿಂದ ಕೆಳಗೆ ರಾಸ್, ಕಾಬ್, ರಾಸ್, ಕಾಬ್. ಎರಡೂ ಕಂಪನಿಗಳ ಬ್ರಾಯ್ಲರ್ ತಳಿ. 2019ರ ಜಾನುವಾರು ಗಣತಿಯಲ್ಲಿ ದೇಶದ ಕೋಳಿಗಳು ಸುಮಾರು 85 ಕೋಟಿ. ಹಿತ್ತಲಲ್ಲಿ ಕೆದಕಿ ತಿನ್ನುವ ನಾಟಿ ಕೋಳಿಗಳೂ ಆ ಲೆಕ್ಕದಲ್ಲಿವೆ. ಅವುಗಳ ಮೊಟ್ಟೆ ಮಾರಿದ ದುಡ್ಡು ಸಾಮಾನ್ಯವಾಗಿ ಮನೆಯ ಹೆಂಗಸರ ಕೈಗೇ ಬರುತ್ತದೆ. ಅವುಗಳ ಮರಿ ಯಾಕೆ ಸಾಯುತ್ತವೆ, ಹದ್ದಿಗೆ ಎಷ್ಟು, ಕೊಕ್ಕರೆ ರೋಗಕ್ಕೆ ಎಷ್ಟು ಅಂತ ಒಂದು ಹಳ್ಳಿಯಲ್ಲಿ ವರ್ಷವಿಡೀ ಬರೆದಿಟ್ಟ ಲೆಕ್ಕ ಹುಡುಕಿ ನೋಡಿ. ಧಾರವಾಡಿ ಎಮ್ಮೆಗೆ, ಕೆಂಗುರಿ ಕುರಿಗೆ ಇದೇ ರೀತಿ ಹುಡುಕಿ.

ಇದಕ್ಕೆ ಚಿಪ್ ಬೇಡ, 16ಎಸ್ ಬೇಡ. ಒಂದು ತಕ್ಕಡಿ, ಕಾಲಿಗೆ ಕಟ್ಟುವ ಬಳೆ, ವಾರಕ್ಕೊಮ್ಮೆ ಹೋಗಿ ಮಾತಾಡಿಸುವ ತಾಳ್ಮೆ ಸಾಕು. ನನ್ನ ಪಟ್ಟಿ 12 ಮನೆಯಿಂದ ಶುರುವಾಗಿದೆ. ಅಲ್ಲಿ ಘಟಕ ಕೋಳಿಯೋ ಮನೆಯೋ ಅಂತ ಗೈಡ್ ಮೊದಲ ದಿನವೇ ಕೇಳಿದರು. ಮನೆ ಅಂದೆ.