ಪದ ಪರಿಚಯ: ಗ್ರಾಂಟು

"ಹುಡುಗ ಮೇಷ್ಟ್ರು ಅಂದ್ರಲ್ಲ, ಗ್ರಾಂಟ್ ಇರೋ ಶಾಲೆನಾ?"

ಹೆಣ್ಣಿನ ಕಡೆಯವರು ಮೊದಲು ಕೇಳುವ ಪ್ರಶ್ನೆ ಇದು. ಯಾವ ವಿಷಯ ಪಾಠ ಮಾಡ್ತಾನೆ, ಎಷ್ಟನೇ ಕ್ಲಾಸಿಗೆ ಅನ್ನೋದೆಲ್ಲ ಆಮೇಲೆ. ಗ್ರಾಂಟ್ ಇದೆ ಅಂದರೆ ಸಂಬಳಕ್ಕೆ ಮೋಸವಿಲ್ಲ. ಇಲ್ಲ ಅಂದರೆ ಮಾತು ಅಲ್ಲಿಗೇ ನಿಂತರೂ ನಿಂತಿತು. ಒಂದು ಮದುವೆಯನ್ನು ಕೂಡಿಸುವಷ್ಟು, ಮುರಿಯುವಷ್ಟು ತೂಕ ಈ ಪದಕ್ಕೆ ಎಲ್ಲಿಂದ ಬಂತು?

ಅರ್ಥ ಸರಳ. ಶಾಲೆ ನಡೆಸುವವರು ಖಾಸಗಿಯವರು: ಒಂದು ಸಂಘ, ಮಠ, ಮಿಷನ್ ಅಥವಾ ಊರಿನ ನಾಲ್ಕು ಜನ. ಖರ್ಚಿನಲ್ಲಿ ಒಂದು ಪಾಲನ್ನು ಸರ್ಕಾರ ಕೊಡುತ್ತದೆ. ಈಗಿನ ಲೆಕ್ಕದಲ್ಲಿ ಮುಖ್ಯವಾಗಿ ಶಿಕ್ಷಕರ ಸಂಬಳ. ಹಾಗೆ ಕೊಡುವ ಹಣ ಗ್ರಾಂಟು. ಕಾಗದದ ಭಾಷೆಯಲ್ಲಿ ಅನುದಾನ. ಗ್ರಾಂಟ್ ಇರುವ ಶಾಲೆ ಅನುದಾನಿತ, ಇಲ್ಲದ್ದು ಅನುದಾನರಹಿತ.

ಅನುದಾನ ಅನ್ನುವ ಪದವನ್ನು ಬಿಡಿಸಿ ನೋಡಿದರೆ ವಿಷಯದ ಅರ್ಧ ಅದರಲ್ಲೇ ಸಿಗುತ್ತದೆ. 'ಅನು' ಅಂದರೆ ಹಿಂದೆ, ಜೊತೆಗೆ. ಅನುಚರ, ಅನುಸರಿಸು ಅನ್ನುವಲ್ಲಿ ಇರುವುದು ಇದೇ. ಹಿಂದಿನಿಂದ ಬರುವ ದಾನ. ಹಾಗಾದರೆ ಮುಂದೆ ಒಬ್ಬರು ಹೋಗಿರಬೇಕು ಅಲ್ವಾ? ಮೊದಲು ನೀವು ಕೈಯಿಂದ ಹಾಕಬೇಕು, ಆಮೇಲೆ ಸರ್ಕಾರ ಜೊತೆಗೂಡುತ್ತದೆ. ಗ್ರಾಂಟಿನ ಗುಟ್ಟೆಲ್ಲ ಇಲ್ಲೇ ಇದೆ.

ಶಾಲೆಗೆ ಹಣ ಕೊಡುವುದು ನಮ್ಮ ನಾಡಿಗೆ ಹೊಸದೇನಲ್ಲ. ಹಳೆಯ ಪದ ದತ್ತಿ. ವಿಜಯಪುರ ಜಿಲ್ಲೆಯ ಇಂಡಿ ಹತ್ತಿರದ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೇ ಕೃಷ್ಣನ ಕಾಲದ ಶಾಸನ ಸಿಕ್ಕಿದೆ. ಕಾಲ ಕ್ರಿ.ಶ. 945. ಅಲ್ಲಿದ್ದ ವಿದ್ಯಾಶಾಲೆಗೆ ಬೇರೆ ಬೇರೆ ನಾಡುಗಳಿಂದ ಹುಡುಗರು ಬರುತ್ತಿದ್ದರು. ಅವರು ಉಳಿದುಕೊಳ್ಳಲು 27 ಮನೆ, ಖರ್ಚಿಗೆ 500 ನಿವರ್ತನ (ಆಗಿನ ಅಳತೆ) ಭೂಮಿ. ಊರಿನವರ ಪಾಲೂ ಇತ್ತು. ಮನೆಯಲ್ಲಿ ಮದುವೆಯಾದರೆ 5 ನಾಣ್ಯ, ಉಪನಯನಕ್ಕೆ ಎರಡೂವರೆ, ಚೌಲಕ್ಕೆ ಒಂದೂಕಾಲು. ಮಗುವಿನ ತಲೆಗೂದಲು ತೆಗೆಸುವ ದಿನವೂ ಶಾಲೆಯನ್ನು ಮರೆಯಬಾರದು ಅಂತ ಅಂದುಕೊಂಡವರು ನಮ್ಮವರು. ಇದನ್ನು ಓದಿದಾಗೆಲ್ಲ ನನ್ನ ಮನಸ್ಸು ತುಂಬುತ್ತದೆ. ಆದರೆ ಆ ಶಾಲೆಯ ಬಾಗಿಲು ಎಲ್ಲ ಜಾತಿಯ ಮಕ್ಕಳಿಗೆ ತೆರೆದಿರಲಿಲ್ಲ. ಅದನ್ನೂ ಹೇಳಲೇಬೇಕು.

ದತ್ತಿಗೂ ಗ್ರಾಂಟಿಗೂ ಇರುವ ವ್ಯತ್ಯಾಸ ದೊಡ್ಡದು. ದತ್ತಿ ಕೊಟ್ಟವರು 'ಆಚಂದ್ರಾರ್ಕ' ಅನ್ನುತ್ತಿದ್ದರು. ಸೂರ್ಯ ಚಂದ್ರ ಇರುವವರೆಗೂ ಇದು ನಡೆಯಲಿ, ಅಳಿಸಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆ (ಹಸು) ಕೊಂದ ಪಾಪ ಬರಲಿ ಅಂತ ಕಲ್ಲಿನಲ್ಲಿ ಕೆತ್ತಿಸುತ್ತಿದ್ದರು. ಗ್ರಾಂಟು ವರ್ಷದ ಲೆಕ್ಕ. ಈ ವರ್ಷ ಷರತ್ತು ಪಾಲಿಸಿದರೆ ಹಣ, ತಪ್ಪಿದರೆ ಕಡಿತ. ದತ್ತಿಯನ್ನು ಕಾಯುತ್ತಿದ್ದದ್ದು ಶಾಪ. ಗ್ರಾಂಟನ್ನು ಕಾಯುವುದು ತನಿಖೆ.

ಈ ಎರಡರ ನಡುವೆ ಒಂದು ಖಾಲಿ ಕಾಲ ಬಂತು. ಹಳೆಯದು ನಿಂತಿತ್ತು, ಹೊಸದು ಇನ್ನೂ ಬಂದಿರಲಿಲ್ಲ. ಅದನ್ನು ಹತ್ತಿರದಿಂದ ಕಾಣಬೇಕಾದರೆ ಬಳ್ಳಾರಿಗೆ ಹೋಗಬೇಕು. ಮದ್ರಾಸ್ ಗವರ್ನರ್ ಥಾಮಸ್ ಮನ್ರೋ ಪ್ರತಿ ಜಿಲ್ಲೆಯ ಶಾಲೆಗಳ ಲೆಕ್ಕ ಕೇಳಿದ್ದ. ಬಳ್ಳಾರಿ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರಲ್ಲಿ ವರದಿ ಕಳಿಸಿದ. ಜಿಲ್ಲೆಯ ಜನ 9,27,857. ಶಾಲೆಗಳು 533. ಅದರಲ್ಲಿ ಕನ್ನಡ ಶಾಲೆ 235, ತೆಲುಗು 226. ಇಂಗ್ಲಿಷ್ ಶಾಲೆ ಒಂದೇ ಒಂದು. ಓದುವ ಮಕ್ಕಳು 6,641. ಹತ್ತಿರ ಹತ್ತಿರ ಹತ್ತು ಲಕ್ಷ ಜನರಲ್ಲಿ ಏಳು ಸಾವಿರ ಮಕ್ಕಳೂ ಶಾಲೆಯಲ್ಲಿ ಇರಲಿಲ್ಲ.

ಕ್ಯಾಂಬೆಲ್ ಬರೀ ಎಣಿಕೆ ಕೊಟ್ಟು ಸುಮ್ಮನಾಗಲಿಲ್ಲ. ಮೊದಲು ಶಾಲೆ ಇದ್ದ ಎಷ್ಟೋ ಹಳ್ಳಿಗಳಲ್ಲಿ ಈಗ ಇಲ್ಲ ಅಂದ. ಕಾರಣವನ್ನೂ ಹೇಳಿದ. ಯೂರೋಪಿನ ಬಟ್ಟೆ ಬಂದು ಇಲ್ಲಿಯ ನೇಕಾರರ ದುಡಿಮೆ ಕುಸಿದಿದೆ, ಜನರ ಕೈಯಲ್ಲಿ ಮೇಷ್ಟ್ರಿಗೆ ಕೊಡಲು ಕಾಸಿಲ್ಲ. ಈ 533ರಲ್ಲಿ ಒಂದಕ್ಕೂ ಸರ್ಕಾರದ ನೆರವಿಲ್ಲ, ಇದನ್ನು ಹೇಳಲು ನಾಚಿಕೆಯಾಗುತ್ತದೆ ಅಂತಲೂ ಬರೆದ. ಈಸ್ಟ್ ಇಂಡಿಯಾ ಕಂಪನಿಯ ಸ್ವಂತ ಅಧಿಕಾರಿಯ ಮಾತಿದು. ಮಗ್ಗ ನಿಂತರೆ ಶಾಲೆಯೂ ನಿಲ್ಲುತ್ತದೆ ಅನ್ನುವುದನ್ನು ಅವನು ಒಂದೇ ಉಸಿರಿನಲ್ಲಿ ಹೇಳಿದ್ದಾನೆ. ಉದ್ಯಮದ ನೆರವು, ಶಿಕ್ಷಣದ ನೆರವು ಅಂತ ನಾವು ಬೇರೆ ಬೇರೆ ಕಪಾಟಿನಲ್ಲಿ ಇಡುವ ಎರಡು ಸಂಗತಿ ಆ ವರದಿಯಲ್ಲಿ ಒಂದೇ ಮನೆಯ ಕಥೆ.

1813ರ ಚಾರ್ಟರ್ ಕಾಯ್ದೆ ಇಡೀ ಬ್ರಿಟಿಷ್ ಭಾರತದ ಶಿಕ್ಷಣಕ್ಕೆ ವರ್ಷಕ್ಕೆ ಒಂದು ಲಕ್ಷ ರೂಪಾಯಿ ಎತ್ತಿಡಬೇಕು ಅಂದಿತ್ತು. ಆ ಹಣ ಹೇಗೆ ಖರ್ಚಾಗಬೇಕು ಅನ್ನುವುದರಲ್ಲೇ ಎರಡು ದಶಕ ಕಳೆಯಿತು. ಗ್ರಾಂಟು ಒಂದು ಏರ್ಪಾಡಾಗಿ ಬಂದದ್ದು 1854ರಲ್ಲಿ. ಕಂಪನಿಯ ಆಡಳಿತದ ಮೇಲೆ ಕಣ್ಣಿಡುತ್ತಿದ್ದ ಲಂಡನ್ನಿನ ಬೋರ್ಡ್ ಆಫ್ ಕಂಟ್ರೋಲ್‌ನ ಅಧ್ಯಕ್ಷ ಚಾರ್ಲ್ಸ್ ವುಡ್ ಕಳಿಸಿದ ಪತ್ರ ಅದಕ್ಕೆ ಬುನಾದಿ. ಪ್ರತಿ ಪ್ರಾಂತದಲ್ಲಿ ಶಿಕ್ಷಣ ಇಲಾಖೆ, ಕಲ್ಕತ್ತ ಬೊಂಬಾಯಿ ಮದ್ರಾಸುಗಳಲ್ಲಿ ವಿಶ್ವವಿದ್ಯಾಲಯ, ಜೊತೆಗೆ ಗ್ರಾಂಟ್-ಇನ್-ಏಡ್. ಎಲ್ಲ ಕಡೆ ಸರ್ಕಾರವೇ ಶಾಲೆ ನಡೆಸಲು ಹಣ ಸಾಲದು, ನಡೆಸುವವರಿಗೆ ಕೈಜೋಡಿಸೋಣ ಅನ್ನುವುದು ಲೆಕ್ಕ.

ಷರತ್ತುಗಳಿದ್ದವು. ಲೌಕಿಕ ವಿಷಯಗಳ ಪಾಠ ಚೆನ್ನಾಗಿ ನಡೆಯಬೇಕು. ಸ್ಥಳೀಯ ಆಡಳಿತ ಮಂಡಳಿ ಇರಬೇಕು. ಸರ್ಕಾರದ ಇನ್ಸ್‌ಪೆಕ್ಟರ್ ಬಂದು ನೋಡಲು ಒಪ್ಪಬೇಕು. ಮತ್ತೆ, ಎಷ್ಟೇ ಚಿಕ್ಕದಾಗಲಿ, ಮಕ್ಕಳಿಂದ ಫೀಸು ತೆಗೆದುಕೊಳ್ಳಬೇಕು. ಪುಕ್ಕಟೆ ಕಲಿತದ್ದಕ್ಕೆ ಬೆಲೆ ಇರುವುದಿಲ್ಲ ಅನ್ನುವುದು ಅವರ ವಾದ. ನನಗೆ ಇದು ಒಪ್ಪಿಗೆಯಿಲ್ಲ. ಕೂಲಿ ಮಾಡುವ ಮನೆಯ ಹುಡುಗಿಗೆ ಆ ಚಿಕ್ಕ ಫೀಸೇ ದೊಡ್ಡ ಗೋಡೆ.

1860ರ ದಶಕದಲ್ಲಿ ಬೊಂಬಾಯಿ, ಮದ್ರಾಸ್ ಪ್ರಾಂತಗಳಿಗೆ ಇನ್ನೊಂದು ಪದ್ಧತಿ ಬಂತು. ಫಲಿತಾಂಶ ನೋಡಿ ಹಣ ಕೊಡುವುದು. ಇನ್ಸ್‌ಪೆಕ್ಟರ್ ಬರುತ್ತಾನೆ. ಮಗುವಿನ ಕೈಗೆ ಪುಸ್ತಕ ಕೊಟ್ಟು ಓದಿಸುತ್ತಾನೆ, ಹೇಳಿ ಬರೆಸುತ್ತಾನೆ, ಸ್ಲೇಟಿನ ಮೇಲೆ ಲೆಕ್ಕ ಮಾಡಿಸುತ್ತಾನೆ. ಪಾಸಾದ ಪ್ರತಿ ಮಗುವಿಗೆ, ಪ್ರತಿ ವಿಷಯಕ್ಕೆ ಇಷ್ಟು ಅಂತ ಗ್ರಾಂಟು. ಮೇಷ್ಟ್ರ ಸ್ಥಿತಿ ಯೋಚಿಸಿ. ಅವತ್ತೇ ಜ್ವರ ಬಂದು ಮಲಗಿದ ಮಗು ವರ್ಷವಿಡೀ ಎಷ್ಟು ಚೆನ್ನಾಗಿ ಓದಿದ್ದರೂ ಲೆಕ್ಕಕ್ಕಿಲ್ಲ. ನಿಧಾನವಾಗಿ ಕಲಿಯುವ ಮಗು ಅಂದರೆ ಕೈಬಿಟ್ಟ ಹಣ. ಅದಕ್ಕೇ ಬಾಯಿಪಾಠ ಜಾಸ್ತಿಯಾಯಿತು. ಇನ್ಸ್‌ಪೆಕ್ಟರ್ ಬರುತ್ತಾರೆ ಅಂದರೆ ಅಂಗಳ ಗುಡಿಸಿ, ಚಾರ್ಟು ತೂಗುಹಾಕಿ, ಉಸಿರು ಬಿಗಿಹಿಡಿದು ಕೂರುವ ದಿನ ನಾನು ಓದಿದ ಅನುದಾನಿತ ಶಾಲೆಯಲ್ಲೂ ಇತ್ತು. ನಮ್ಮ ಮೇಷ್ಟ್ರ ಮುಖದಲ್ಲಿದ್ದ ಆ ಭಯ ಎಷ್ಟು ಹಳೆಯದು ಅಂತ ಆಗ ನನಗೆ ಗೊತ್ತಿರಲಿಲ್ಲ.

ಅರ್ಧ ನೀವು ಹಾಕಿದರೆ ಉಳಿದದ್ದು ನಾವು ಅನ್ನುವ ನಿಯಮ ಕೇಳಲು ನ್ಯಾಯವಾಗಿದೆ. ಆದರೆ ಮೊದಲ ಅರ್ಧ ಯಾರ ಹತ್ತಿರ ಇತ್ತು? ಮಿಷನರಿಗಳ ಹತ್ತಿರ ಇತ್ತು. ಪಟ್ಟಣದ ವಕೀಲರು, ವ್ಯಾಪಾರಿಗಳ ಹತ್ತಿರ ಇತ್ತು. ಹಳ್ಳಿಯ ಕೇರಿಯಲ್ಲಿ ಇರಲಿಲ್ಲ. ಹಾಗಾಗಿ ಗ್ರಾಂಟು ಪಟ್ಟಣದ ಹೈಸ್ಕೂಲುಗಳ ಕಡೆಗೇ ಹೆಚ್ಚು ಹರಿಯಿತು.

ಹಳ್ಳಿಯ ಶಾಲೆಗೆ ಹಣ ಬಂದದ್ದು ಬೇರೆ ದಾರಿಯಲ್ಲಿ. ಧಾರವಾಡ, ಬೆಳಗಾವಿ, ವಿಜಯಪುರದ ಕಡೆ ಆಗ ಬೊಂಬಾಯಿ ಪ್ರಾಂತ. ಅಲ್ಲಿ ಭೂಕಂದಾಯದ ಪ್ರತಿ ರೂಪಾಯಿಗೆ ಒಂದು ಆಣೆ ಹೆಚ್ಚುವರಿ ಪಟ್ಟಿ ಹಾಕಿದರು. ಅದೇ ಲೋಕಲ್ ಫಂಡ್. ಅದರಲ್ಲಿ ಮೂರನೇ ಒಂದು ಭಾಗ ಶಾಲೆಗೆ, ಉಳಿದದ್ದು ರಸ್ತೆ ಮುಂತಾದ ಕೆಲಸಕ್ಕೆ. ವರ್ಷಕ್ಕೆ 12 ರೂಪಾಯಿ ಕಂದಾಯ ಕಟ್ಟುವ ರೈತ ಅದರ ಮೇಲೆ ಇನ್ನೂ 12 ಆಣೆ ಕಟ್ಟುತ್ತಿದ್ದ. ಅದರಲ್ಲಿ 4 ಆಣೆ ಶಾಲೆಯ ಹೆಸರಿಗೆ ಹೋಗುತ್ತಿತ್ತು, ಅವನ ಮಗ ಶಾಲೆಗೆ ಹೋಗಲಿ ಬಿಡಲಿ.

ಈ ಅನ್ಯಾಯವನ್ನು ಎದುರಿಗೆ ನಿಂತು ಹೇಳಿದವರು ಜ್ಯೋತಿರಾವ್ ಫುಲೆ. 1882ರಲ್ಲಿ ಶಿಕ್ಷಣದ ಬಗ್ಗೆ ಸರ್ಕಾರ ನೇಮಿಸಿದ್ದ ಹಂಟರ್ ಆಯೋಗಕ್ಕೆ ಕೊಟ್ಟ ಹೇಳಿಕೆಯಲ್ಲಿ ಅವರು ಲೆಕ್ಕ ಕೇಳಿದರು. ಬೊಕ್ಕಸ ತುಂಬುವುದು ರೈತನ ಬೆವರಿನಿಂದ, ಖರ್ಚಾಗುವುದು ಮೇಲು ಜಾತಿಯವರ ಉನ್ನತ ಶಿಕ್ಷಣಕ್ಕೆ. ಮೊದಲು ಹಳ್ಳಿಯ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡಿ, ಕನಿಷ್ಠ 12 ವರ್ಷದ ತನಕ ಓದಿಸಿ ಅಂದರು.

ಇನ್ನು ಉದ್ಯಮದ ಕಡೆ ಬನ್ನಿ. ಅಲ್ಲಿ ಗ್ರಾಂಟಿನ ಜೊತೆಗೆ ಇನ್ನೊಂದು ಪದ ಸಿಗುತ್ತದೆ: ಗ್ಯಾರಂಟಿ. ಇವತ್ತು ನಮ್ಮ ರಾಜಕೀಯದಲ್ಲಿ ಓಡಾಡುವ ಗ್ಯಾರಂಟಿ ಅಲ್ಲ, ರೈಲಿನ ಗ್ಯಾರಂಟಿ. 1849ರಲ್ಲಿ ಶುರುವಾದ ಒಪ್ಪಂದಗಳ ಪ್ರಕಾರ ಇಂಗ್ಲೆಂಡಿನ ರೈಲ್ವೆ ಕಂಪನಿಗಳಿಗೆ ಜಾಗ ಪುಕ್ಕಟೆ. ಹೂಡಿದ ಬಂಡವಾಳಕ್ಕೆ ವರ್ಷಕ್ಕೆ ನೂರಕ್ಕೆ 5 ಖಚಿತ. ರೈಲು ಅಷ್ಟು ದುಡಿಯದಿದ್ದರೆ ಉಳಿದದ್ದನ್ನು ಭಾರತದ ಬೊಕ್ಕಸ ತುಂಬಿಕೊಡಬೇಕು. ಹಿಂದೆ ಇಲ್ಲಿ ಹಣಕಾಸು ನೋಡಿಕೊಂಡಿದ್ದ ವಿಲಿಯಂ ಮ್ಯಾಸಿ 1872ರಲ್ಲಿ ಬ್ರಿಟಿಷ್ ಸಂಸತ್ತಿನ ಸಮಿತಿಯ ಮುಂದೆಯೇ ಒಪ್ಪಿಕೊಂಡ: ಆ ಹಣ ಹೂಗ್ಲಿ ನದಿಗೆ ಬಿದ್ದರೂ, ಇಟ್ಟಿಗೆ ಗಾರೆಯಾದರೂ ಹೂಡಿದವನಿಗೆ ವ್ಯತ್ಯಾಸವೇ ಇರಲಿಲ್ಲ.

ಎರಡನ್ನೂ ಪಕ್ಕದಲ್ಲಿ ಇಟ್ಟು ನೋಡಿ. ಹಳ್ಳಿಯ ಶಾಲೆಯ ಮೇಷ್ಟ್ರು ಪ್ರತಿ ಮಗುವಿನ ಸ್ಲೇಟು ತೋರಿಸಿ ಹಣ ಪಡೆಯಬೇಕು. ರೈಲ್ವೆಯ ಷೇರುದಾರನಿಗೆ ಕೆಲಸ ಕೆಟ್ಟರೂ ಬಡ್ಡಿ ಬರುತ್ತದೆ. ಎರಡೂ ಒಂದೇ ಬೊಕ್ಕಸ. ತುಂಬಿದವನೂ ಒಬ್ಬನೇ, ಕಂದಾಯ ಕಟ್ಟುವ ರೈತ. ರೈಲಿನಿಂದ ನಮಗೆ ಉಪಯೋಗ ಆಗಲಿಲ್ಲ ಅಂತ ನಾನು ಹೇಳುತ್ತಿಲ್ಲ. ಯಾರ ಮೇಲೆ ಎಷ್ಟು ನಂಬಿಕೆ ಇಟ್ಟರು ಅನ್ನುವುದು ಈ ಎರಡು ಪದಗಳಲ್ಲಿ ಕಾಣುತ್ತದೆ.

ಇಲ್ಲಿಯವರ ಉದ್ಯಮಕ್ಕೆ ನೆರವು ಬಹಳ ಕಾಲ ಇರಲಿಲ್ಲ. ಹೊರೆ ಮಾತ್ರ ಇತ್ತು. 1896ರಲ್ಲಿ ಲ್ಯಾಂಕಷೈರ್ ಬಟ್ಟೆಯ ಮೇಲೆ ನೂರಕ್ಕೆ ಮೂರೂವರೆ ಸುಂಕ ಹಾಕಿದಾಗ, ಇಲ್ಲಿಯ ಗಿರಣಿ ಬಟ್ಟೆಯ ಮೇಲೂ ಸರಿಸಮ ಮೂರೂವರೆ ಅಬಕಾರಿ ಸುಂಕ ಹಾಕಿದರು. ಅದು ಹೋಗಲು 1925ರ ಕೊನೆ ಆಗಬೇಕಾಯಿತು.

ಇದರ ನಡುವೆ ಒಬ್ಬ ವ್ಯಕ್ತಿ ನನಗೆ ಬಹಳ ಇಷ್ಟ: ಇಂಗ್ಲಿಷ್ ಎಂಜಿನಿಯರ್ ಆಲ್ಫ್ರೆಡ್ ಚಾಟರ್ಟನ್. ಮದ್ರಾಸಿನ ಕಲಾ ಶಾಲೆಯಲ್ಲಿ 1898ರಲ್ಲಿ ಅಲ್ಯೂಮಿನಿಯಂ ಪಾತ್ರೆ ಮಾಡಿಸಲು ಶುರು ಮಾಡಿದ. ಕೆಲಸ ಕುದುರಿದ ಮೇಲೆ 1903ರಲ್ಲಿ ಒಂದು ಖಾಸಗಿ ಕಂಪನಿಗೆ ಒಪ್ಪಿಸಿಬಿಟ್ಟ. ಆಮೇಲೆ ಕ್ರೋಮ್ ಚರ್ಮ ಹದ ಮಾಡುವುದಕ್ಕೆ ಕೈ ಹಾಕಿದ. ಬಾವಿಯಿಂದ ಕಪಿಲೆಯಲ್ಲಿ ನೀರೆತ್ತುವ ತೊಗಲಿನ ಚೀಲ ಬೇಗ ಕೊಳೆಯುತ್ತಿತ್ತು, ಈ ಚರ್ಮ ಹೆಚ್ಚು ದಿನ ಬಾಳುತ್ತಿತ್ತು. ಹೊಸ ಉದ್ಯಮವನ್ನು ಮೊದಲು ಸರ್ಕಾರ ನಷ್ಟಕ್ಕೆ ಹೆದರದೆ ಮಾಡಿ ತೋರಿಸಬೇಕು, ದಾರಿ ಸವೆದ ಮೇಲೆ ಜನರಿಗೆ ಬಿಟ್ಟುಕೊಡಬೇಕು ಅನ್ನುವುದು ಅವನ ನಂಬಿಕೆ. ಅಂದರೆ ಅನುದಾನದ ತಿರುಗುಮುರುಗು. ಇಲ್ಲಿ ಮುಂದೆ ಹೋಗುವುದು ಸರ್ಕಾರ, ಹಿಂದೆ ಬರುವುದು ಜನ.

ಮದ್ರಾಸಿನ ಯೂರೋಪಿಯನ್ ವ್ಯಾಪಾರಿಗಳು ಗಲಾಟೆ ಮಾಡಿದರು. 1910ರಲ್ಲಿ ಬ್ರಿಟಿಷ್ ಸರ್ಕಾರದ ಭಾರತ ಸಚಿವ ಮಾರ್ಲಿ ಲಂಡನ್ನಿನಿಂದ ಪತ್ರ ಬರೆದು ಇದನ್ನು ತಡೆದ. ಸರ್ಕಾರ ಕೈಗಾರಿಕಾ ತರಬೇತಿ ಕೊಡಲಿ ಸಾಕು, ವ್ಯಾಪಾರಕ್ಕೆ ಇಳಿಯಬಾರದು ಅನ್ನುವುದು ಅದರ ಸಾರ. ಚಾಟರ್ಟನ್ ಮೈಸೂರಿಗೆ ಬಂದ. ಮೈಸೂರು ಬ್ರಿಟಿಷರ ಅಧೀನದಲ್ಲಿದ್ದರೂ ಅರಸರ ಸಂಸ್ಥಾನ, ಇಂಥ ವಿಷಯಗಳಲ್ಲಿ ಸ್ವಲ್ಪ ಉಸಿರಾಡಲು ಜಾಗ ಇತ್ತು. 1913ರಲ್ಲಿ ಅಲ್ಲಿ ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆ ಶುರುವಾಯಿತು, ಅವನೇ ಮೊದಲ ನಿರ್ದೇಶಕ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲ. 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆ ಇಳಿಯಿತು. ಅದೇ ವರ್ಷ ಮೈಸೂರು ವಿಶ್ವವಿದ್ಯಾಲಯ. ಎರಡು ವರ್ಷಕ್ಕೆ ಗಂಧದ ಸೋಪು. ನಮ್ಮ ಮನೆಗಳ ಬಚ್ಚಲಲ್ಲಿ ಇವತ್ತೂ ಇರುವ ಆ ಸೋಪಿನ ಹಿಂದೆ ಮದ್ರಾಸಿನಲ್ಲಿ ನಿಂತುಹೋದ ಒಂದು ಪ್ರಯೋಗದ ಮುಂದುವರಿಕೆ ಇದೆ.

ಬ್ರಿಟಿಷ್ ಭಾರತದಲ್ಲಿ ಮನಸ್ಸು ಬದಲಾಗಲು ಮೊದಲ ಮಹಾಯುದ್ಧ ಬೇಕಾಯಿತು. 1916ರಲ್ಲಿ ಕೈಗಾರಿಕಾ ಆಯೋಗ ಕೂತಿತು, ಚಾಟರ್ಟನ್ ಅದರ ಸದಸ್ಯ. ಮದ್ರಾಸ್ ಪ್ರಾಂತ 1922ರಲ್ಲಿ ಕೈಗಾರಿಕೆಗಳಿಗೆ ಸರ್ಕಾರಿ ನೆರವಿನ ಕಾಯ್ದೆ ತಂದಿತು. 1924ರಲ್ಲಿ ಇಲ್ಲಿಯ ಉಕ್ಕನ್ನು ಕಾಯಲು ಹೊರಗಿನ ಉಕ್ಕಿನ ಮೇಲೆ ರಕ್ಷಣಾ ಸುಂಕ, 1932ರಲ್ಲಿ ಸಕ್ಕರೆಗೂ. ಮಂಡ್ಯದ ಸಕ್ಕರೆ ಕಂಪನಿ ಹುಟ್ಟಿದ್ದು ಅದರ ಮರುವರ್ಷ, 1933ರಲ್ಲಿ.

ಈ ಓದಿನಲ್ಲಿ ಎದುರಾಗುವ ಹತ್ತಿರದ ಪದಗಳನ್ನೂ ಬೇರ್ಪಡಿಸಿ ಇಟ್ಟುಕೊಳ್ಳಿ. ತಕಾವಿ ಅಂದರೆ ಬಾವಿ, ಎತ್ತು, ಬೀಜಕ್ಕೆ ರೈತನಿಗೆ ಸರ್ಕಾರ ಕೊಡುತ್ತಿದ್ದ ಸಾಲ. ಅದನ್ನು ತೀರಿಸಬೇಕು. ಸಹಾಯಧನ ಒಂದು ವಸ್ತುವಿನ ಅಥವಾ ಕೆಲಸದ ಖರ್ಚನ್ನು ಇಳಿಸಲು ಕೊಡುವುದು. ಪ್ರೋತ್ಸಾಹಧನ ಒಂದು ಕೆಲಸ ಮಾಡಲಿ ಅಂತ ಆಸೆ ಹುಟ್ಟಿಸಲು ಕೊಡುವುದು. ಗ್ರಾಂಟನ್ನು ತೀರಿಸಬೇಕಿಲ್ಲ, ಆದರೆ ಲೆಕ್ಕ ಒಪ್ಪಿಸಬೇಕು.

ಶಾಲೆಯ ಗ್ರಾಂಟಿನ ಕಥೆಯಲ್ಲಿ ಇನ್ನೊಂದು ದಿನ ಇದೆ. ಗೋಪಾಲಕೃಷ್ಣ ಗೋಖಲೆ 1911ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಹಂತ ಹಂತವಾಗಿ ಕಡ್ಡಾಯ ಮಾಡುವ ಮಸೂದೆ ತಂದರು. ಖರ್ಚು ಹಂಚುವುದರಲ್ಲಿ ಅವರು ಗ್ರಾಂಟಿನ ಲೆಕ್ಕವನ್ನೇ ಬದಲಿಸಿದ್ದರು: ಸರ್ಕಾರ ಎರಡು ಪಾಲು, ಸ್ಥಳೀಯ ಸಂಸ್ಥೆ ಒಂದು ಪಾಲು. 1912ರ ಮಾರ್ಚ್‌ನಲ್ಲಿ ವೈಸ್‌ರಾಯ್‌ನ ಶಾಸನ ಸಭೆಯಲ್ಲಿ ಮತಕ್ಕೆ ಹಾಕಿದಾಗ ಪರವಾಗಿ 13, ವಿರುದ್ಧ 38. ಮಸೂದೆ ಬಿದ್ದುಹೋಯಿತು. ಮೈಸೂರು ಸಂಸ್ಥಾನ 1913ರಲ್ಲಿ ತನ್ನದೇ ಪ್ರಾಥಮಿಕ ಶಿಕ್ಷಣ ಕಾಯ್ದೆ ಮಾಡಿ, ಆಯ್ದ ಕಡೆಗಳಲ್ಲಿ ಕಡ್ಡಾಯ ಶಿಕ್ಷಣ ಶುರು ಮಾಡಿತು.